ಅಮ್ಮನಿಗೆ ತಾರೀಕು ಗೊತ್ತಿತ್ತು

ನಮ್ಮ ಕಡೆಯ ಹೆಂಗಸರಿಗೆ ಹುಟ್ಟಿದ ತಾರೀಕೇ ಗೊತ್ತಿರುವುದಿಲ್ಲ ಎಂದು ಕಚೇರಿಗಳಲ್ಲಿ ಕೂತು ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೊತ್ತಿಲ್ಲದ್ದು ಯಾರಿಗೆ? ಕಾಪುವಿನಲ್ಲಿ ಮಾರಿಪೂಜೆ ವರ್ಷಕ್ಕೆ ಮೂರು ಸಲ, ಸುಗ್ಗಿಯಲ್ಲಿ, ಆಟಿಯಲ್ಲಿ, ಜಾರ್ದೆಯಲ್ಲಿ. ಅಲ್ಲಿಯ ಒಬ್ಬ ತಾಯಿ "ಜಾರ್ದೆ ಮಾರಿಪೂಜೆ ಕಳೆದ ಮೇಲೆ, ಶುಕ್ರವಾರ, ದೀಪ ಹಚ್ಚುವ ಹೊತ್ತಿಗೆ ಹುಟ್ಟಿದ ಮಗು ಇದು" ಎಂದರೆ ಅದು ತಾರೀಕಲ್ಲವೇ? ಉಡುಪಿಯ ಒಬ್ಬ ಅಜ್ಜಿ "ಪೇಜಾವರ ಸ್ವಾಮಿಗಳ ಮೊದಲ ಪರ್ಯಾಯ ನಡೆಯುತ್ತಿತ್ತು" ಎಂದರೆ 1952ರ ಜನವರಿಯಿಂದ ಮುಂದಿನ ಎರಡು ವರ್ಷಗಳ ಒಳಗೆ ಎಂದು ಕೂತಲ್ಲೇ ಲೆಕ್ಕ ಹಾಕಬಹುದು. ಅವರ ಎರಡನೇ ಪರ್ಯಾಯವೆಂದರೆ 1968. ಇಷ್ಟು ಲೆಕ್ಕ ಹಾಕಲು ಪಂಚಾಂಗ ಬೇಕು, ಸ್ವಲ್ಪ ತಾಳ್ಮೆ ಬೇಕು. ಇವೆರಡೂ ಕಚೇರಿಯ ಮೇಜಿನ ಮೇಲೆ ಇಲ್ಲದಿದ್ದರೆ ಅದು ಅಜ್ಜಿಯ ಅಜ್ಞಾನ ಹೇಗಾಗುತ್ತದೆ, ನೀವೇ ಹೇಳಿ.

ಆದರೆ ನಾನು ಇಲ್ಲಿ ಜಗಳಕ್ಕೆ ನಿಂತದ್ದು ಅದಕ್ಕಿಂತ ಚಿಕ್ಕ, ಅದಕ್ಕಿಂತ ಕೆಟ್ಟ ಒಂದು ಸಂಗತಿಯ ಬಗ್ಗೆ. ತಾರೀಕು ಚೆನ್ನಾಗಿ ಗೊತ್ತಿದ್ದು, ಅದನ್ನು ಸರಿಯಾಗಿ ಬರೆಸಿಯೂ ಕೊಟ್ಟವಳ ತಾರೀಕನ್ನು ಕಂಪ್ಯೂಟರಿಗೆ ಹಾಕುವಾಗ ತಲೆಕೆಳಗು ಮಾಡಿ, ಆಮೇಲೆ ಅವಳನ್ನೇ "ನಿಮ್ಮದು ತಪ್ಪಿದೆ ಅಮ್ಮ" ಎನ್ನುತ್ತಾರಲ್ಲ, ಅದರ ಬಗ್ಗೆ.

ನಾನು ಎಷ್ಟೋ ವರ್ಷ ಮಣಿಪಾಲದಲ್ಲಿ ಹೆಸರು, ವಿಳಾಸ, ತಾರೀಕುಗಳನ್ನು ಕಂಪ್ಯೂಟರಿಗೆ ಕುಟ್ಟಿದವಳು. ಉಡುಪಿ, ಕಾರ್ಕಳಗಳಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುತ್ತಿದ್ದ ನನ್ನಂಥ ಎಷ್ಟೋ ಹುಡುಗಿಯರ ಹೊಟ್ಟೆಪಾಡು ಅದೇ ಆಗಿತ್ತು. ಆದ್ದರಿಂದ ಈ ವಿದ್ಯೆ ಹೇಗೆ ನಡೆಯುತ್ತದೆ ಎಂದು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಒಂದು ಕಚೇರಿಯ ಪಟ್ಟಿ ಇನ್ನೊಂದು ಕಚೇರಿಗೆ ಹೋಗಬೇಕಾದಾಗ ಅದನ್ನು ಸಾಮಾನ್ಯವಾಗಿ ಟೆಕ್ಸ್ಟ್ ಫೈಲ್ ಮಾಡಿ ಕೊಡುತ್ತಾರೆ. ಅದೇನು ದೊಡ್ಡ ಮಂತ್ರವಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಾಲು, ವಿವರಗಳ ನಡುವೆ ಅಲ್ಪವಿರಾಮ, ಅಷ್ಟೆ. ಅದರಲ್ಲಿ 05/12/1958 ಎಂದಿದ್ದರೆ ಅದು ಬರೀ ಅಂಕಿ ಮತ್ತು ಓರೆಗೆರೆ. ಐದನೇ ತಾರೀಕು ಡಿಸೆಂಬರೋ, ಮೇ ಹನ್ನೆರಡೋ ಎಂದು ಆ ಸಾಲು ತಾನಾಗಿ ಹೇಳುವುದಿಲ್ಲ. ಈ ಕಡೆಯವರು ಅದನ್ನು ತಮ್ಮ ಡೇಟಾಬೇಸ್‌ಗೆ ತುಂಬುತ್ತಾರೆ. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಈಗಲೂ ಎಷ್ಟೋ ಸಣ್ಣ ಕಚೇರಿಗಳ ಕಪಾಟಿನಂತೆ ಇದೆ. ತುಂಬುವಾಗ ಯಂತ್ರ "ಇದು ತಾರೀಕಿನ ಕಾಲಂ" ಎಂದು ತಿಳಿದ ಕೂಡಲೇ ದಿನ ಯಾವುದು, ತಿಂಗಳು ಯಾವುದು ಎಂದು ತೀರ್ಮಾನ ಮಾಡಬೇಕಾಗುತ್ತದೆ. ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲವಾದರೆ ವಿಂಡೋಸಿನಲ್ಲಿ ಯಾವ ದೇಶದ ಪದ್ಧತಿ ಇಟ್ಟಿದೆಯೋ ಅದರ ಮಾತು ಕೇಳುತ್ತದೆ. ನಮ್ಮ ಊರಿನ ಎಷ್ಟೋ ಕಂಪ್ಯೂಟರುಗಳು ಅಂಗಡಿಯಿಂದ ಬಂದ ದಿನದಿಂದ ಇವತ್ತಿನವರೆಗೆ ಮನಸ್ಸಿನಲ್ಲಿ ಅಮೆರಿಕದಲ್ಲೇ ವಾಸ ಮಾಡುತ್ತಿವೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ.

ಇದಕ್ಕೂ ಹಿಂದಿನ ಡಿಬೇಸ್, ಫಾಕ್ಸ್‌ಪ್ರೋ ಕಾಲದಲ್ಲಿ ಇನ್ನೊಂದು ತಮಾಷೆಯಿತ್ತು. ನಮ್ಮ ಕ್ರಮದಲ್ಲಿ ತಾರೀಕು ಕಾಣಬೇಕಾದರೆ "ಸೆಟ್ ಡೇಟ್ ಬ್ರಿಟಿಷ್" ಎಂದು ಟೈಪು ಮಾಡಬೇಕಾಗಿತ್ತು. 1947ರಲ್ಲಿ ಅವರನ್ನು ಕಳಿಸಿಕೊಟ್ಟ ನಾವು, ನಮ್ಮ ಅಮ್ಮಂದಿರ ಹುಟ್ಟಿದ ದಿನ ನೋಡಲು ಮತ್ತೆ ಅವರನ್ನೇ ಕರೆಯಬೇಕಾಯಿತು!

ಇರಲಿ. ಎಲ್ಲ ತಾರೀಕುಗಳೂ ತಲೆಕೆಳಗಾದರೆ ಯಾರಾದರೂ ಗಮನಿಸುತ್ತಾರೆ. ಆದರೆ ಹಾಗೆ ಆಗುವುದಿಲ್ಲ, ಅಪಾಯವಿರುವುದೇ ಅಲ್ಲಿ. 25/12 ಎಂದಿದ್ದರೆ ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ, ಆದ್ದರಿಂದ ಅದು ತಲೆಕೆಳಗಾಗಲು ಸಾಧ್ಯವಿಲ್ಲ. ಒಂದೋ ಸರಿಯಾಗಿ ಕೂರುತ್ತದೆ, ಇಲ್ಲವೇ ಆಕ್ಸೆಸ್ ಅದನ್ನು ಹೊರಗಿಟ್ಟು ಬೇರೆ ದೋಷಪಟ್ಟಿಯೊಂದರಲ್ಲಿ ಬರೆದಿಡುತ್ತದೆ. ಆ ಪಟ್ಟಿಯನ್ನು ತೆರೆದು ನೋಡುವವರು ಕಡಿಮೆ, ಆದರೂ ನೋಡಿದರೆ ಅಲ್ಲಿ ಇರುತ್ತದೆ. ದಿನ ಹನ್ನೆರಡು ಅಥವಾ ಅದಕ್ಕಿಂತ ಕಡಿಮೆಯಾದಾಗ ಮಾತ್ರ ಎರಡು ಓದೂ ಸಾಧ್ಯ, ಯಂತ್ರ ತುಟಿ ಬಿಚ್ಚದೆ ಒಂದನ್ನು ಆರಿಸಿಕೊಂಡು ಮುಂದೆ ಹೋಗುತ್ತದೆ. ವರ್ಷದಲ್ಲಿ ಅಂಥ ದಿನಗಳು ಹನ್ನೆರಡು ಹನ್ನೆರಡಲೆ 144. ಅದರಲ್ಲಿ 1/1, 2/2ರಂಥ ಹನ್ನೆರಡು ತಿರುಗಿಸಿದರೂ ಒಂದೇ. ಉಳಿದ 132 ದಿನಗಳಲ್ಲಿ ಹುಟ್ಟಿದವರು ಸಿಕ್ಕಿಬಿದ್ದರು. 365ರಲ್ಲಿ 132 ಎಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಮೇಲಿನ ಅಧಿಕಾರಿ ಪಟ್ಟಿಯ ಮೇಲೆ ಕಣ್ಣಾಡಿಸಿ ನಾಲ್ಕು ಹೆಸರು ತಾಳೆ ನೋಡಿ "ಸರಿಯಿದೆ" ಎಂದು ಸಹಿ ಹಾಕಿದರೆ ಆ ನಾಲ್ಕೂ ಸರಿಯಿರುವ ಸಂಭವ ಸಾಕಷ್ಟು ಇದೆ. ತಪ್ಪು ಸಿಕ್ಕುವುದು ಹತ್ತು ವರ್ಷ ಕಳೆದು, ಒಬ್ಬಳು ಹಣಕ್ಕೆ ಅರ್ಜಿ ಹಾಕಿದ ದಿನ.

ನನಗೆ ಗೊತ್ತಿರುವ ಒಬ್ಬರು, ಕಾಪುವಿನವರು. ಹದಿನೈದನೇ ವರ್ಷದಿಂದ ಬೀಡಿ ಕಟ್ಟಿದವರು. ಮೇಲೆ ಹೇಳಿದ ಜಾರ್ದೆ ತಿಂಗಳ ಶುಕ್ರವಾರದ ಮಗು ಅವರೇ. ಶಾಲೆಗೆ ಸೇರಿಸುವಾಗ ಆಗಿನ ಹೆಡ್‌ಮಾಸ್ಟರು ತಾಯಿ ಹೇಳಿದ್ದನ್ನು ಕೇಳಿ, ಪಂಚಾಂಗ ತಿರುವಿ, 5-12-1958 ಎಂದು ಬರೆದುಕೊಂಡಿದ್ದರು. ಪುಣ್ಯಾತ್ಮರು! ಎಷ್ಟೋ ಶಾಲೆಗಳಲ್ಲಿ ಅಷ್ಟು ಕಷ್ಟ ಯಾರೂ ಪಡುತ್ತಿರಲಿಲ್ಲ, ಎಲ್ಲ ಮಕ್ಕಳಿಗೂ ಜೂನ್ ಒಂದು. ಈ ಹೆಂಗಸಿನ ಎಲ್ಲ ಕಾಗದಗಳಲ್ಲೂ ಡಿಸೆಂಬರ್ ಐದೇ ಇತ್ತು. ಒಂದು ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಮೇ 12, 1958. ಹೆಸರು ಬೇಡ, ಅದೊಂದೇ ಕಚೇರಿ ಹೀಗೆ ಮಾಡಿದ್ದೂ ಅಲ್ಲ. ಕಾಗದದ ಲೆಡ್ಜರಿನಿಂದ ಫೈಲಿಗೆ, ಫೈಲಿನಿಂದ ಡೇಟಾಬೇಸ್‌ಗೆ ಹೋಗುವ ದಾರಿಯಲ್ಲಿ ಅವರು ಸುಮಾರು ಏಳು ತಿಂಗಳು ದೊಡ್ಡವರಾದರು. ಐವತ್ತೆಂಟು ತುಂಬಿದ ಮೇಲೆ ಅರ್ಜಿ ಹಾಕಿದರು, ಎರಡು ತಾರೀಕು ತಾಳೆಯಾಗುವುದಿಲ್ಲ ಎಂದು ಅರ್ಜಿ ವಾಪಸು ಬಂತು. ಮತ್ತೆ ಕಾಪುವಿನಿಂದ ಉಡುಪಿಗೆ ಬಸ್ಸು, ಛಾಪಾ ಕಾಗದ, ನೋಟರಿ, ಜೆರಾಕ್ಸ್. ಬೀಡಿ ಕಟ್ಟುವವರಿಗೆ ಒಂದು ದಿನ ಹೋದರೆ ಆ ದಿನದ ಬೀಡಿಯೂ ಹೋಯಿತು.

ಅಫಿಡವಿಟ್ಟಿನ ಭಾಷೆಯನ್ನು ನೀವು ಓದಿದ್ದೀರೋ ಇಲ್ಲವೋ. "ನನ್ನ ಜನ್ಮದಿನಾಂಕವು ತಪ್ಪಾಗಿ ನಮೂದಾಗಿರುತ್ತದೆ" ಎಂದು ಬರೆಯುತ್ತಾರೆ. ನಮೂದಾಗಿರುತ್ತದೆ! ಮಾಡಿದವರು ಯಾರೂ ಇಲ್ಲ, ಮಳೆ ಬಂದ ಹಾಗೆ ಅದು ತಾನೇ ಆಗಿಬಿಟ್ಟಿದೆ. ಆಣೆ ಮಾಡಬೇಕಾದವಳು ಮಾತ್ರ ಇವಳು. ನಿಜ ಹೇಳಿದವಳು ಪ್ರಮಾಣ ಮಾಡಬೇಕು, ತಿರುಗಿಸಿದವನು ಚಾ ಕುಡಿಯಲು ಹೋಗಬಹುದು. "ಕಂಪ್ಯೂಟರಿನಲ್ಲಿ ಹಾಗೆ ಬರುತ್ತದೆ, ನಾವೇನು ಮಾಡುವುದು ಮಾರಾಯ್ರೆ" ಎಂಬ ಉತ್ತರ ಆ ದಿನ ನನಗೂ ಸಿಕ್ಕಿತು. ಜೊತೆಗೆ ಹೋದವಳು ನಾನು.

ಇನ್ನೂ ಉರಿಯುವ ಸಂಗತಿ ಒಂದಿದೆ. ತಾರೀಕು ಗೊತ್ತಿಲ್ಲದವರು ವಯಸ್ಸು ಮಾತ್ರ ಹೇಳಿದರೆ ಅಂದಾಜಿನಲ್ಲಿ ಜನವರಿ ಒಂದು ಎಂದು ಬರೆದುಕೊಳ್ಳುತ್ತಾರಲ್ಲ, ಆ 01/01 ತಿರುಗಿಸಿದರೂ ಮಗುಚಿದರೂ ಜನವರಿ ಒಂದೇ. ಅದು ಯಾವ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ. ಸುಳ್ಳು ತಾರೀಕಿನವರು ಕ್ಷೇಮ, ತಾಯಿ ನೆನಪಿಟ್ಟು ಹೇಳಿದ ನಿಜ ತಾರೀಕಿನವರಿಗೆ ದಂಡ.

ವರ್ಷದ ಕತೆ ಬೇರೆ. ಹಳೆಯ ಫೈಲುಗಳಲ್ಲಿ ಜಾಗ ಉಳಿಸಲು ವರ್ಷಕ್ಕೆ ಎರಡೇ ಅಂಕಿ. ಆಕ್ಸೆಸ್ ಸಾಮಾನ್ಯವಾಗಿ 00ರಿಂದ 29ರವರೆಗಿನದನ್ನು 2000ದ ಕಡೆಗೂ 30ರಿಂದ 99ರವರೆಗಿನದನ್ನು 1900ರ ಕಡೆಗೂ ಹಾಕುತ್ತದೆ. 1929ರಲ್ಲಿ ಹುಟ್ಟಿದ ಅಕ್ಕ, 1931ರಲ್ಲಿ ಹುಟ್ಟಿದ ತಂಗಿ ಒಂದೇ ಪಟ್ಟಿಯಲ್ಲಿದ್ದರೆ ತಂಗಿ 1931ರವಳಾಗಿಯೇ ಉಳಿಯುತ್ತಾಳೆ, ಅಕ್ಕ 2029ಕ್ಕೆ ಹೋಗಿ ಬೀಳುತ್ತಾಳೆ. ವೃದ್ಧಾಪ್ಯದ ಹಣ ಬರಬೇಕಾದ ಅಜ್ಜಿ ಮರಿಮಗಳಿಗಿಂತ ಚಿಕ್ಕವಳಾದರೆ ಹಣ ಎಲ್ಲಿಂದ ಬರಬೇಕು?

ಹೆಂಗಸರು ಕಲಿತಿಲ್ಲ, ಅದಕ್ಕೇ ಹೀಗೆ ಎನ್ನುವವರಿಗೆ ಒಂದು ಮಾತು. ಕಲಿತವರ ಗತಿ ಏನಾಯಿತು ಗೊತ್ತೇ? ಮನುಷ್ಯನ ಜೀನುಗಳಲ್ಲಿ ಕೆಲವಕ್ಕೆ ಮಾರ್ಚ್1, ಸೆಪ್ಟ್1 ಎಂಬಂಥ ಗುರುತುಗಳಿದ್ದವು. ಎಕ್ಸೆಲ್ ಅವುಗಳನ್ನು ಕಂಡಕೂಡಲೇ ತಾರೀಕು ಎಂದು ತಿಳಿದು ಬದಲಾಯಿಸಿಬಿಡುತ್ತಿತ್ತು. ವಿಜ್ಞಾನಿಗಳು ವರ್ಷಗಟ್ಟಲೆ ಗೋಳಾಡಿ, ಕೊನೆಗೆ 2020ರ ಹೊತ್ತಿಗೆ ಜೀನುಗಳ ಹೆಸರನ್ನೇ ಬದಲಾಯಿಸಿಕೊಂಡರು. ತಾನಾಗಿ ಬದಲಾಯಿಸಬೇಡ ಎಂದು ಹೇಳುವ ಅನುಕೂಲವನ್ನು ಕಂಪೆನಿ ಎಕ್ಸೆಲಿಗೆ ಸೇರಿಸಿದ್ದು 2023ರಲ್ಲಿ. ದೊಡ್ಡ ದೊಡ್ಡ ವಿಜ್ಞಾನಿಗಳೇ ಶರಣಾದ ಕಡೆ ಕಾಪುವಿನ ಬೀಡಿ ಅಕ್ಕ ಒಬ್ಬರೇ ನಿಂತು ವಾದಿಸಬೇಕೆಂದರೆ ಹೇಗೆ?

ತಾರೀಕು ಬರೆಯುವ ವಿದ್ಯೆ ನಮಗೆ ಹೊಸತೇನೂ ಅಲ್ಲ. ಕಾರ್ಕಳದ ಬೆಟ್ಟಕ್ಕೆ ಎಲ್ಲರೂ ಹೋಗಿರುತ್ತೀರಿ. ಅಲ್ಲಿಯ ಗೊಮ್ಮಟನನ್ನು ಪ್ರತಿಷ್ಠೆ ಮಾಡಿದ ದಿನವನ್ನು ಶಾಸನ ಹೇಗೆ ಹೇಳುತ್ತದೆ? ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಮಾಸ, ಶುಕ್ಲಪಕ್ಷ, ದ್ವಾದಶಿ, ಬುಧವಾರ. ಇಂಗ್ಲಿಷ್ ಲೆಕ್ಕದಲ್ಲಿ 1432ರ ಫೆಬ್ರವರಿ 13. ಒಂದೇ ದಿನವನ್ನು ಎಷ್ಟು ಬಗೆಯಲ್ಲಿ ಹೇಳಿದ್ದಾರೆ ನೋಡಿ. ಮಳೆಗಾಳಿಗೆ ಶಕವರ್ಷದ ಒಂದು ಅಂಕಿ ಅಳಿಸಿಹೋದರೂ ಸಂವತ್ಸರದ ಹೆಸರು ಸರಿಪಡಿಸುತ್ತದೆ. ತಿಥಿಯಲ್ಲಿ ಸಂಶಯ ಬಂದರೆ ವಾರ ಸಾಕ್ಷಿ ಹೇಳುತ್ತದೆ. ಕಾಪುವಿನ ಆ ತಾಯಿ ಹೇಳಿದ್ದೂ ಇದೇ ಕ್ರಮದಲ್ಲಿ ತಾನೆ? 1958ರ ಡಿಸೆಂಬರ್ ಐದು ಜಾರ್ದೆ ತಿಂಗಳು, ಶುಕ್ರವಾರ. ಮೇ ಹನ್ನೆರಡು ಪಗ್ಗು ತಿಂಗಳು, ಸೋಮವಾರ. ಯಾವುದು ನಿಜ ಎಂದು ತಿಳಿಯಲು ನೋಟರಿ ಬೇಕಿರಲಿಲ್ಲ, ಒಂದು ಹಳೆಯ ಕ್ಯಾಲೆಂಡರ್ ಸಾಕಿತ್ತು. ಅವಳು ಕೊಟ್ಟ ಸಾಕ್ಷಿಗಳನ್ನೆಲ್ಲ ಕಿತ್ತುಹಾಕಿ ಎಂಟು ಅಂಕಿಗೆ ಇಳಿಸಿದವರೇ ಆಮೇಲೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಾರೆ.

ಗಮನಿಸಿ, ಶಾಸನದಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. ಮನೆಯ ಪೂಜೆಯಲ್ಲಿ ಸಂಕಲ್ಪ ಹೇಳುವಾಗಲೂ ದೊಡ್ಡದರಿಂದ ಚಿಕ್ಕದಕ್ಕೆ ಇಳಿದು ಬರುವ ಇದೇ ಕ್ರಮ. ಜಗತ್ತಿನ ಅಳತೆಗಳನ್ನು ಗೊತ್ತುಮಾಡುವ ಐಎಸ್‌ಒ ಸಂಸ್ಥೆ 1988ರಲ್ಲಿ ಹೊರಡಿಸಿದ ನಿಯಮವೂ ಇದೇ: 1958-12-05. ಇದನ್ನು ತಪ್ಪಾಗಿ ಓದುವುದು ಕಷ್ಟ.

ಹಾಗಾದರೆ ಏನು ಮಾಡಬೇಕಿತ್ತು? ಇದಕ್ಕೆ ಹಣ ಬೇಡ, ಹೊಸ ಯಂತ್ರವೂ ಬೇಡ. ಆಕ್ಸೆಸ್‌ನಲ್ಲಿ ಟೆಕ್ಸ್ಟ್ ಫೈಲ್ ತುಂಬುವಾಗ "ಅಡ್ವಾನ್ಸ್‌ಡ್" ಎಂಬ ಒಂದು ಗುಂಡಿ ಇದೆ. ಒತ್ತಿದರೆ ತಾರೀಕಿನ ಕ್ರಮ ಯಾವುದು, ವರ್ಷಕ್ಕೆ ನಾಲ್ಕು ಅಂಕಿ ಇದೆಯೋ ಎಂದು ಅದೇ ಕೇಳುತ್ತದೆ. ದಿನ, ತಿಂಗಳು, ವರ್ಷ ಎಂದು ಒಮ್ಮೆ ಆರಿಸಿದರೆ ಮುಗಿಯಿತು. ಇದಕ್ಕಿಂತಲೂ ಒಳ್ಳೆಯದೆಂದರೆ ಮೊದಲು ಆ ಕಾಲಂ ಅನ್ನು ತಾರೀಕು ಎಂದು ಕರೆಯದೆ ಬರೀ ಅಕ್ಷರ ಎಂದು, ಬಂದದ್ದು ಬಂದ ಹಾಗೆ ಒಳಗೆ ತೆಗೆದುಕೊಳ್ಳುವುದು. ಆಮೇಲೆ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ದಿನ, ತಿಂಗಳು, ವರ್ಷಗಳನ್ನು ಬಿಡಿಸಿ ತಾರೀಕು ಕಟ್ಟುವುದು. ಹಳೆಯದನ್ನು ಅಳಿಸಬಾರದು. ಮೂರನೆಯ ಕಾಲಂ ಒಂದಿದ್ದರೆ ಇದು ಶಾಲೆಯ ದಾಖಲೆಯೋ, ತಾಯಿ ಹೇಳಿದ್ದೋ, ಅಂದಾಜೋ ಎಂದು ಬರೆಯಬಹುದು. ಅಂದಾಜನ್ನು ಅಂದಾಜು ಎಂದು ಬರೆಯಲು ನಮ್ಮ ಕಚೇರಿಗಳಿಗೆ ಏನು ನಾಚಿಕೆಯೋ!

ಆದರೆ ಬರೀ ಗುಂಡಿಯಿಂದ ಇದು ಮುಗಿಯುವುದಿಲ್ಲ. ನಮ್ಮ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಆದರೆ ಪಿಗ್ಮಿಯವರು ಮನೆ ಬಾಗಿಲಿಗೆ ಬಂದು, ಹಣ ಎಣಿಸಿ, ನಮ್ಮೆದುರೇ ಬರೆದುಕೊಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ತಾರೀಕು ತಪ್ಪಿದರೆ ಅಮ್ಮ ಅಲ್ಲೇ ನಿಲ್ಲಿಸಿ "ಇವತ್ತು ಏಳು, ಆರಲ್ಲ" ಎನ್ನುತ್ತಿದ್ದಳು, ಅವರು ಹೊಡೆದುಹಾಕಿ ತಿದ್ದುತ್ತಿದ್ದರು. ಡೇಟಾಬೇಸ್‌ನಲ್ಲಿ ತನ್ನ ಹೆಸರಿನ ಮುಂದೆ ಏನಿದೆ ಎಂದು ಯಾವ ಹೆಂಗಸಿಗೆ ಯಾರು ಓದಿ ಹೇಳಿದ್ದಾರೆ? ತುಂಬಿದ ದಿನವೇ ಒಂದು ಪ್ರತಿ ತೆಗೆದು, ತಿಂಗಳನ್ನು ಅಂಕಿಯ ಬದಲು ಹೆಸರಿನಲ್ಲಿ ಬರೆದು, ಅವಳ ಕೈಗೆ ಕೊಟ್ಟಿದ್ದರೆ ಆ ಬೀಡಿ ಅಕ್ಕ "ಮೇ ಅಲ್ಲ, ಡಿಸೆಂಬರ್" ಎಂದು ಅಂದೇ ಹೇಳುತ್ತಿದ್ದರು.

ಓದುವ ನಿಮ್ಮಲ್ಲಿ ಕೆಲವರು ಮಹಿಳಾ ಮಂಡಲದ ಕಾರ್ಯದರ್ಶಿಗಳು, ಕೆಲವರು ಸ್ವಸಹಾಯ ಗುಂಪಿನ ಲೆಕ್ಕ ಬರೆಯುವವರು, ಕೆಲವರು ನನ್ನ ಹಾಗೆ ಕೀಲಿಮಣೆ ಕುಟ್ಟುವವರು. ನಿಮ್ಮ ಪಟ್ಟಿಯೂ ಯಾವುದೋ ಕಂಪ್ಯೂಟರಿನಲ್ಲಿ ಇರುತ್ತದೆ. ಹುಟ್ಟಿದ ದಿನ ಹನ್ನೆರಡಕ್ಕಿಂತ ಹೆಚ್ಚಿಲ್ಲದವರನ್ನು ಮಾತ್ರ ಆರಿಸಿ ಹತ್ತು ಹೆಸರು ತೆಗೆಯಿರಿ, 1/1ರವರನ್ನು ಬಿಡಿ. ಮುಂದಿನ ಸಭೆಯಲ್ಲಿ ಒಬ್ಬೊಬ್ಬರದನ್ನೂ ತಿಂಗಳ ಹೆಸರಿನೊಡನೆ ಗಟ್ಟಿಯಾಗಿ ಓದಿ. ಒಬ್ಬಳು ತಲೆ ಅಲ್ಲಾಡಿಸಿದರೂ ಇಡೀ ಪಟ್ಟಿಯನ್ನು ಮೂಲ ಕಾಗದಕ್ಕೆ ತಾಳೆ ಹಿಡಿಯಬೇಕು. ತಿದ್ದುವ ಖರ್ಚು ಎಷ್ಟೇ ಬರಲಿ, ತುಂಬಿದವರ ಲೆಕ್ಕಕ್ಕೇ ಬರೆಯಿರಿ, ಅವಳಿಂದ ಬಸ್ಸಿನ ದುಡ್ಡನ್ನೂ ಕೇಳಬೇಡಿ.