ಹಳೆಯ ಟೇಪಿಗೆ ಕೊಡುವ ಬೆಲೆ ಯಾವುದಕ್ಕೆ?

1972ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ತಂಡ ಅಮೆರಿಕದ ಊರೂರು ಸುತ್ತುತ್ತಿತ್ತು. ಒಳಗೊಳಗೆ ತಂಡ ಆಗಲೇ ಮುರಿದಿತ್ತು. ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಮುಗಿಸಿಕೊಡಬೇಕಲ್ಲ ಎಂದು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಮತ್ತು ಮೂವರು ಸಂಗಡಿಗರು ವೇದಿಕೆ ಹತ್ತುತ್ತಿದ್ದರು. ಆ ಕಛೇರಿಗಳನ್ನು ಹಿಡಿದಿಟ್ಟದ್ದು ಸ್ಟುಡಿಯೊದ ದೊಡ್ಡ ಯಂತ್ರವಲ್ಲ, ಆಂಪೆಕ್ಸ್ ಕಂಪನಿಯ ಒಂದು ಸ್ಟೀರಿಯೊ ಕ್ಯಾಸೆಟ್ ರೆಕಾರ್ಡರ್. ಅದೇ ವರ್ಷದ ಜೂನ್‌ನಲ್ಲಿ ಆ ಧ್ವನಿಮುದ್ರಣ ‘ಅರ್ತ್‌ಬೌಂಡ್’ ಹೆಸರಿನ ಲೈವ್ ಆಲ್ಬಮ್ ಆಯಿತು. ಧ್ವನಿ ತೀರಾ ಕಳಪೆ ಎಂದು ಅಮೆರಿಕದ ಅಟ್ಲಾಂಟಿಕ್ ಕಂಪನಿ ಅದನ್ನು ಬಿಡುಗಡೆ ಮಾಡಲಿಲ್ಲ.

ಪ್ರೊಗ್ರೆಸಿವ್ ರಾಕ್‌ನ ಇಂಥ ಲೈವ್ ಆಲ್ಬಮ್‌ಗಳ ಹಳೆಯ ಕ್ಯಾಸೆಟ್, ರೀಲು, ಎಂಟು ಟ್ರ್ಯಾಕಿನ ಕಾರ್ಟ್ರಿಡ್ಜ್‌ಗಳಿಗೆ ಇಂದು ಗಿರಾಕಿಗಳಿದ್ದಾರೆ. ಮಾರುವವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಇದೇ ಅಸಲಿ ಧ್ವನಿ. ಈ ಮಾತು ಎಷ್ಟು ನಿಜ?

ಸ್ಟುಡಿಯೊದಲ್ಲಿ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿತ್ತು. ಕ್ಯಾಸೆಟ್ಟಿನಲ್ಲಿ ಓಡುವುದು 4.76 ಸೆಂಟಿಮೀಟರ್ ಮಾತ್ರ. ವೇಗ ಇಳಿದಷ್ಟೂ ಸಿಂಬಲ್‌ನಂಥ ಮೇಲಿನ ಸ್ವರಗಳು ಮಸುಕಾಗುತ್ತವೆ, ಹಿಂದಿನ ಸುಯ್‌ ಸದ್ದು ಮುಂದೆ ಬರುತ್ತದೆ. ಎಂಟು ಟ್ರ್ಯಾಕಿನ ಕಾರ್ಟ್ರಿಡ್ಜ್‌ನದು ಇನ್ನೊಂದು ತೊಂದರೆ. ಕೊನೆಯಿಲ್ಲದ ಒಂದೇ ಸುರುಳಿಯನ್ನು ನಾಲ್ಕು ಸಮ ಭಾಗ ಮಾಡಬೇಕಾದ್ದರಿಂದ ಹಾಡುಗಳ ಕ್ರಮ ಬದಲಾಗುತ್ತಿತ್ತು. ಕೆಲವೊಮ್ಮೆ ಹಾಡು ನಡುವೆಯೇ ಕ್ಷೀಣಿಸಿ, ‘ಟಕ್’ ಎಂಬ ಸದ್ದಾಗಿ, ಮುಂದಿನ ಭಾಗದಲ್ಲಿ ಮತ್ತೆ ಶುರುವಾಗುತ್ತಿತ್ತು. ಹದಿನೆಂಟು ನಿಮಿಷದ ಒಂದೇ ರಚನೆಯನ್ನು ಉಸಿರು ಬಿಡದೆ ನುಡಿಸುವ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಹಿಂಸೆ ಬೇಕೆ?

ವಯಸ್ಸೂ ಟೇಪನ್ನು ಬಿಡುವುದಿಲ್ಲ. ಕಾರ್ಟ್ರಿಡ್ಜ್‌ನೊಳಗಿನ ಫೋಮ್ ಪುಡಿಯಾಗುತ್ತದೆ, ಟೇಪಿನ ತುದಿಗಳನ್ನು ಜೋಡಿಸಿದ ಅಂಟು ಒಣಗಿ ಬಿಡುತ್ತದೆ. ಎಪ್ಪತ್ತರ ದಶಕದ ನಡುಭಾಗದಿಂದ ಬಂದ ಕೆಲವು ಮಾಸ್ಟರ್ ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಅವನ್ನು ಸುಮಾರು 50 ಡಿಗ್ರಿ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟ ಮೇಲೆಯೇ ಒಂದಿಷ್ಟು ಕಾಲ ನುಡಿಸಲಾಗುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಕ್ಯಾಸೆಟ್ ತೆಗೆದು ನೋಡಿದವರಿಗೆ ಬಿಳಿ ಬೂಷ್ಟಿನ ಪರಿಚಯ ಇದ್ದೇ ಇರುತ್ತದೆ.

ಹಾಗಾದರೆ ಮರುಮುದ್ರಣವೇ ಮೇಲೆ? ಇದಕ್ಕೆ ಯೆಸ್ ತಂಡದ ‘ಯೆಸ್‌ಸಾಂಗ್ಸ್’ ಒಳ್ಳೆಯ ಪರೀಕ್ಷೆ. 1973ರ ಮೇ ತಿಂಗಳಲ್ಲಿ ಮೂರು ಎಲ್‌ಪಿಗಳಾಗಿ ಬಂದ ಈ ಆಲ್ಬಮ್ಮಿನ ಧ್ವನಿ ಮಂಕು ಎಂಬ ದೂರು ಅಭಿಮಾನಿಗಳಲ್ಲೇ ಇತ್ತು. 2015ರಲ್ಲಿ ‘ಪ್ರೊಜನಿ’ ಹೆಸರಿನಲ್ಲಿ, ಆ ಆಲ್ಬಮ್ಮಿಗೆ ಮೂಲವಾದ ಪ್ರವಾಸದ್ದೇ ಆದ, 1972ರ ಅಕ್ಟೋಬರ್ 31ರಿಂದ ನವೆಂಬರ್ 20ರವರೆಗಿನ ಏಳು ಕಛೇರಿಗಳು 14 ಸಿ.ಡಿ.ಗಳಲ್ಲಿ ಪೂರ್ತಿಯಾಗಿ ಹೊರಬಂದವು. ವಾದ್ಯವಾದ್ಯವನ್ನೂ ಬೇರೆಯಾಗಿ ಹಿಡಿದ ಮೂಲ ಟೇಪುಗಳು ಉಳಿದಿದ್ದರಿಂದ ಹೊಸದಾಗಿ ಮಿಶ್ರಣ ಮಾಡಲು ಸಾಧ್ಯವಾಯಿತು. ತಂಡಕ್ಕೆ ಆಗಷ್ಟೇ ಸೇರಿದ್ದ ಅಲನ್ ವೈಟ್ ಅವರ ಡ್ರಮ್ ರಾತ್ರಿಯಿಂದ ರಾತ್ರಿಗೆ ಹೇಗೆ ಕುದುರುತ್ತ ಹೋಯಿತೆಂದು ಅಲ್ಲಿ ಕೇಳಬಹುದು. ಯಾವ ಹಳೆಯ ಕ್ಯಾಸೆಟ್ಟೂ ಅದನ್ನು ಕೊಡಲಾರದು.

‘ಅರ್ತ್‌ಬೌಂಡ್’ ವಿಷಯ ಬೇರೆ. ಅದರ ಮೂಲವೇ ಕ್ಯಾಸೆಟ್. ತೊಳೆದು ತೆಗೆಯಲು ಅದರ ಹಿಂದೆ ಇನ್ನೊಂದು ಶುದ್ಧ ಧ್ವನಿ ಇಲ್ಲ. ಅಧಿಕೃತ ಸಿ.ಡಿ. ಬರಲು 2002ರವರೆಗೆ ಕಾಯಬೇಕಾಯಿತು. ಅಲ್ಲಿಯೂ ಸ್ಯಾಕ್ಸೋಫೋನ್ ಒಡೆದೇ ಕೇಳುತ್ತದೆ, ದನಿ ಚೀರುತ್ತದೆ. ಆದರೆ ಮುರಿದುಹೋದ ತಂಡವೊಂದರ ಕಡೆಯ ದಿನಗಳ ಸಿಟ್ಟು, ಹುಮ್ಮಸ್ಸು ಎರಡೂ ಆ ಒರಟುತನದಲ್ಲೇ ಇವೆ.

ಆದ್ದರಿಂದ ಹಳೆಯ ಟೇಪನ್ನು ಒಳ್ಳೆಯ ಧ್ವನಿಯೆಂದು ಮಾರುವುದು ತಪ್ಪು. ಆ ಕಾಲದ ಕೇಳುಗನ ಕಿವಿಗೆ ಸಂಗೀತ ಹೇಗೆ ತಲುಪಿತು ಎಂಬುದಕ್ಕೆ ಅದು ಸಾಕ್ಷಿ, ಅದರ ಬೆಲೆ ಅಷ್ಟಕ್ಕೇ. ಬೆಲೆಯೇನೂ ಕಡಿಮೆಯಲ್ಲ. ಮಾರುವವರು ಟೇಪನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಕೇಳಿ, ಫೋಮ್ ಬದಲಿಸಿದ್ದರೆ ಬದಲಿಸಿದ್ದೇವೆಂದು, ಧ್ವನಿ ಎಲ್ಲಿ ಅಳುಕುತ್ತದೋ ಅಲ್ಲಿ ಅಳುಕುತ್ತದೆಂದು ಬರೆದುಕೊಡಲಿ. ಕೊಳ್ಳುವವರೂ ಹಣ ಎಣಿಸುವ ಮೊದಲು ಎರಡೂ ಬದಿ ಹಾಕಿಸಿ ಕೇಳಲಿ.