ಹೆಸರಿದ್ದೂ ಮಾತಿಲ್ಲದ ನಗರ: ವಿಜ್ಞಾನ ಕಥಾಸರಣಿಯಲ್ಲಿ ಕಾರ್ಡಿಫ್

ಕೃತಿಯೊಂದರಲ್ಲಿ ನಿಜವಾದ ಊರಿನ ಹೆಸರು ಬಂದ ಮಾತ್ರಕ್ಕೆ ಆ ಊರು ಕೃತಿಯೊಳಗೆ ಬಂದಂತಾಗುವುದಿಲ್ಲ ಎಂಬುದು ಕನ್ನಡ ವಿಮರ್ಶೆಗೆ ಪರಿಚಿತವಾದ ವಿಚಾರ. ಕುವೆಂಪು ಅವರ ಮಲೆನಾಡನ್ನೂ ಶಿವರಾಮ ಕಾರಂತರ ಕರಾವಳಿಯನ್ನೂ ಓದುತ್ತ ಬಂದಿರುವ ವಿಮರ್ಶೆಯು, ಪ್ರದೇಶವೆಂಬುದು ಕಥೆಯ ಹಿಂದಿನ ಪರದೆಯಾಗಿ ಉಳಿಯದೆ ಪಾತ್ರಗಳ ನಡೆಯನ್ನೂ ನುಡಿಯನ್ನೂ ರೂಪಿಸುವ ಶಕ್ತಿಯಾಗುವ ಬಗೆಯನ್ನು ವಿವರವಾಗಿ ಚರ್ಚಿಸಿದೆ. ವಿಜ್ಞಾನ ಕಥೆಯ ಸಂದರ್ಭದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಆ ಪ್ರಕಾರದ ಕಥೆ ಎಲ್ಲಿ ಬೇಕಾದರೂ ನಡೆಯಬಹುದು. ಆದ್ದರಿಂದ ಎಲ್ಲಿ ನಡೆದರೂ ಒಂದೇ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಈ ಭಾವನೆಯನ್ನು ಒರೆಗೆ ಹಚ್ಚಲು ಬಿಬಿಸಿ ವೇಲ್ಸ್ ನಿರ್ಮಿಸಿದ ‘ಟಾರ್ಚ್‌ವುಡ್’ (2006–2011) ಎಂಬ ದೂರದರ್ಶನ ಸರಣಿ ತಕ್ಕ ನಿದರ್ಶನ. ವೇಲ್ಸ್ ದೇಶದ ರಾಜಧಾನಿ ಕಾರ್ಡಿಫ್ ಇಲ್ಲಿ ಬೇರೊಂದು ನಗರದ ವೇಷ ತೊಡದೆ ಕಾರ್ಡಿಫ್ ಆಗಿಯೇ ಕಾಣಿಸಿಕೊಂಡಿದೆ. ಹಾಗೆ ಕಾಣಿಸಿಕೊಂಡ ನಗರಕ್ಕೆ ತನ್ನ ಮಾತೂ ತನ್ನ ನೆನಪೂ ದಕ್ಕಿದವೇ ಎಂಬುದು ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಹಿನ್ನೆಲೆಯಿದೆ. ‘ಡಾಕ್ಟರ್ ಹೂ’ ಎಂಬ ಹಳೆಯ ಸರಣಿಯನ್ನು ವೇಲ್ಸ್ ಮೂಲದ ಲೇಖಕ ರಸೆಲ್ ಟಿ. ಡೇವಿಸ್ 2005ರಲ್ಲಿ ಪುನರುಜ್ಜೀವನಗೊಳಿಸಿದಾಗ ಅದರ ನಿರ್ಮಾಣ ಕಾರ್ಡಿಫ್‌ನಲ್ಲಿ ನಡೆಯಿತು. ಆದರೆ ತೆರೆಯ ಮೇಲೆ ಕಾರ್ಡಿಫ್‌ನ ಬೀದಿಗಳು ಬಹುಮಟ್ಟಿಗೆ ಲಂಡನ್ನಿನ ಬೀದಿಗಳಾದವು. ಅಮೆರಿಕದ ಯೂಟಾ ರಾಜ್ಯದ ನೆಲದಡಿಯಲ್ಲಿದೆಯೆನ್ನಲಾದ ರಹಸ್ಯ ಸಂಗ್ರಹಾಲಯದ ಕಥೆಗೆ ಕಾರ್ಡಿಫ್‌ನ ಮಿಲೆನಿಯಂ ಕ್ರೀಡಾಂಗಣದ ಒಳಾವರಣ ಬಳಕೆಯಾಯಿತು. ಅದೇ ವರ್ಷ 1869ರ ಕಾರ್ಡಿಫ್‌ನಲ್ಲಿ ನಡೆಯುವ ಕಂತೊಂದು ಪ್ರಸಾರವಾಯಿತು; ಅದರಲ್ಲಿ ಲೇಖಕ ಚಾರ್ಲ್ಸ್ ಡಿಕನ್ಸ್ ಒಂದು ಪಾತ್ರ. ಆ ಕಂತಿನ ಹೊರಾಂಗಣ ದೃಶ್ಯಗಳನ್ನು ಚಿತ್ರಿಸಿದ್ದು ಸ್ವಾನ್ಸೀ ಮತ್ತು ಮಾನ್‌ಮೌತ್ ಊರುಗಳಲ್ಲಿ. ಹೀಗೆ ಕಾರ್ಡಿಫ್ ಕ್ಯಾಮೆರಾದ ಎದುರಿಗಿದ್ದಾಗ ಹೆಸರು ಬೇರೆಯದು, ಹೆಸರು ಕಾರ್ಡಿಫ್‌ನದಾದಾಗ ಎದುರಿಗಿದ್ದ ಊರು ಬೇರೆಯದು. ಸಣ್ಣ ದೇಶವೊಂದರ ರಾಜಧಾನಿಯು ದೊಡ್ಡ ರಾಜಧಾನಿಗೆ ಮೈಯನ್ನು ಎರವಲು ಕೊಟ್ಟ ಸ್ಥಿತಿ ಇದು.

ನಗರದ ಹೆಸರೂ ಮೈಯೂ ಕೂಡಿಬಂದದ್ದು ಆ ವರ್ಷದ ಇನ್ನೊಂದು ಕಂತಿನಲ್ಲಿ. ಅನ್ಯಗ್ರಹದ ಜೀವಿಯೊಂದು ಮನುಷ್ಯರೂಪ ತಳೆದು ಕಾರ್ಡಿಫ್‌ನ ಮೇಯರ್ ಆಗುತ್ತದೆ. ನಗರದ ನಡುವೆ ಅಣುವಿದ್ಯುತ್ ಸ್ಥಾವರ ಕಟ್ಟಿಸಿ ಅದನ್ನು ಸ್ಫೋಟಿಸಲು ಸಂಚು ಹೂಡುತ್ತದೆ. ಇಂಥ ಅಪಾಯಕಾರಿ ಯೋಜನೆಗೆ ಯಾರೂ ಅಡ್ಡಿ ಮಾಡಲಿಲ್ಲವೇ ಎಂಬ ಪ್ರಶ್ನೆ ಬಂದಾಗ, ದಕ್ಷಿಣ ವೇಲ್ಸಿನ ಕರಾವಳಿ ಸಮುದ್ರಪಾಲಾದರೂ ಲಂಡನ್ನಿಗೆ ಅದರ ಪರಿವೆ ಇರುವುದಿಲ್ಲವೆಂಬ ಅರ್ಥದ ಉತ್ತರವನ್ನು ಆ ಮೇಯರ್ ಕೊಡುತ್ತಾಳೆ. ತಾನೂ ಇಲ್ಲಿಯವಳಂತೆಯೇ ಮಾತನಾಡತೊಡಗಿದೆನಲ್ಲ ಎಂದು ಮರುಕ್ಷಣವೇ ಬೆರಗಾಗುತ್ತಾಳೆ. ಇದು ಹಾಸ್ಯದ ಸನ್ನಿವೇಶ. ಆದರೆ ಕೇಂದ್ರ ಮತ್ತು ಅಂಚುಗಳ ಸಂಬಂಧವನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಆ ಸ್ಥಾವರಕ್ಕಿಟ್ಟ ‘ಬ್ಲೈದ್ ದ್ರೂಗ್’ ಎಂಬ ಹೆಸರು ವೆಲ್ಷ್ ಭಾಷೆಯದು. ‘ಕೆಟ್ಟ ತೋಳ’ ಎಂಬುದು ಅದರ ಅರ್ಥ. ಆ ವರ್ಷದ ಕಂತುಗಳಲ್ಲೆಲ್ಲ ಹರಡಿದ್ದ ರಹಸ್ಯಪದವೊಂದರ ವೆಲ್ಷ್ ರೂಪ ಅದು. ಸ್ಥಳೀಯ ಭಾಷೆ ಇಲ್ಲಿ ಕಥೆಯ ಸುಳಿವನ್ನು ಅಡಗಿಸಿಡುವ ಪೆಟ್ಟಿಗೆಯಾಗಿದೆ. ಅದನ್ನು ಬಿಡಿಸಿ ಓದಲಾಗುತ್ತದೆ, ಆಡಲಾಗುವುದಿಲ್ಲ.

‘ಟಾರ್ಚ್‌ವುಡ್’ ಹುಟ್ಟಿದ್ದು ಈ ಕಂತುಗಳ ಬೆನ್ನಿಗೆ, 2006ರ ಅಕ್ಟೋಬರಿನಲ್ಲಿ. ಕಾಲ ಮತ್ತು ಆಕಾಶಗಳಲ್ಲಿ ಉಂಟಾದ ಬಿರುಕೊಂದು ಕಾರ್ಡಿಫ್‌ನ ಮೂಲಕ ಹಾದುಹೋಗುತ್ತದೆ. ಅದರಿಂದ ಹೊರಬೀಳುವ ಅನ್ಯಜೀವಿಗಳನ್ನೂ ವಸ್ತುಗಳನ್ನೂ ಹಿಡಿದಿಡಲು ರಹಸ್ಯ ತಂಡವೊಂದಿದೆ ಎಂಬುದು ಸರಣಿಯ ಆಧಾರ ಕಲ್ಪನೆ. ಸಂಸ್ಥೆಯ ಲಂಡನ್ ಶಾಖೆ ನಾಶವಾದ ಮೇಲೆ ಕಾರ್ಡಿಫ್ ಶಾಖೆಗೆ ಪ್ರಾಮುಖ್ಯ ಬರುವುದೂ ಅರ್ಥಪೂರ್ಣ. ತಂಡದ ನೆಲೆ ಇರುವುದು ಕಾರ್ಡಿಫ್ ಕೊಲ್ಲಿಯ ದಡದ ರೋಆಲ್ಡ್ ಡಾಲ್ ಪ್ಲಾಸ್ ಎಂಬ ಚೌಕದ ಕೆಳಗೆ. ಅಲ್ಲಿಯ ನೀರಿನ ಗೋಪುರ ನೆಲದಡಿಯ ಕೋಣೆಯವರೆಗೂ ಇಳಿದಿದೆ ಎಂಬುದು ಕಥೆಯ ಕಲ್ಪನೆ. ಚೌಕ ನಿಜ, ಗೋಪುರ ನಿಜ. ಕಥೆಯನ್ನು ನೋಡುವ ಕಣ್ಣು ಗ್ವೆನ್ ಕೂಪರ್ ಎಂಬ ಸ್ಥಳೀಯ ಪೊಲೀಸ್ ಪೇದೆಯದು. ಆ ಪಾತ್ರ ವಹಿಸಿದ ಈವ್ ಮೈಲ್ಸ್ ವೇಲ್ಸಿನ ನಟಿ. ವೇಲ್ಸಿನ ಉಚ್ಚಾರವುಳ್ಳ ಸಾಮಾನ್ಯ ಹೆಣ್ಣೊಬ್ಬಳು ವಿಶ್ವದ ಅದ್ಭುತಗಳಿಗೆ ಸಾಕ್ಷಿಯಾದಳೆಂಬುದು ಈ ಸರಣಿಯ ಸಣ್ಣ ಸಾಧನೆಯಲ್ಲ.

ಆ ಚೌಕಕ್ಕೆ ಕಥೆಗಿಂತ ಹಳೆಯ ಚರಿತ್ರೆಯಿದೆ. ಅದು 1839ರಲ್ಲಿ ತೆರೆದ ಬ್ಯೂಟ್ ಪಶ್ಚಿಮ ಹಡಗುಕಟ್ಟೆಗೆ ಸೇರಿದ್ದ ನೀರಿನ ತೊಟ್ಟಿಯನ್ನು ತುಂಬಿ ಮಾಡಿದ ಜಾಗ. ದಕ್ಷಿಣ ವೇಲ್ಸಿನ ಕಣಿವೆಗಳ ಕಲ್ಲಿದ್ದಲು ಇಲ್ಲಿಂದ ಲೋಕಕ್ಕೆಲ್ಲ ಹೋಗುತ್ತಿತ್ತು. 1913ರಲ್ಲಿ ಕಾರ್ಡಿಫ್ ಬಂದರು ರಫ್ತು ಮಾಡಿದ ಕಲ್ಲಿದ್ದಲು ಒಂದು ಕೋಟಿ ಟನ್ನಿಗೂ ಹೆಚ್ಚು. ಹಡಗುಗಳೊಂದಿಗೆ ಸೊಮಾಲಿಯಾ, ಯೆಮನ್, ಕೆರಿಬಿಯನ್ ದ್ವೀಪಗಳು, ನಾರ್ವೆ ಮೊದಲಾದ ಕಡೆಗಳಿಂದ ನಾವಿಕರು ಬಂದರು. ಅವರಲ್ಲಿ ಅನೇಕರು ಟೈಗರ್ ಬೇ ಎಂದು ಹೆಸರಾದ ಬಂದರು ಪ್ರದೇಶದಲ್ಲಿ ನೆಲೆಸಿದರು. ಚೌಕದ ಹೆಸರಿನಲ್ಲಿರುವ ಲೇಖಕ ರೋಆಲ್ಡ್ ಡಾಲ್ 1916ರಲ್ಲಿ ಕಾರ್ಡಿಫ್‌ನ ನಾರ್ವೇಜಿಯನ್ ಕುಟುಂಬದಲ್ಲಿ ಹುಟ್ಟಿದವನು. ‘ಪ್ಲಾಸ್’ ಎಂಬುದೂ ನಾರ್ವೇಜಿಯನ್ ಪದವೇ. 1919ರ ಜೂನ್ ತಿಂಗಳಲ್ಲಿ ಇದೇ ನಗರದಲ್ಲಿ ವಲಸಿಗರ ಮೇಲೆ ಜನಾಂಗೀಯ ದಾಳಿಗಳು ನಡೆದವು. 1960ರ ದಶಕದಲ್ಲಿ ಕಲ್ಲಿದ್ದಲಿನ ರಫ್ತು ನಿಂತಿತು. ಹಳೆಯ ಮನೆಗಳ ಸಾಲುಗಳೂ ನೆಲಸಮವಾದವು. 1987ರಲ್ಲಿ ಸ್ಥಾಪಿತವಾದ ಅಭಿವೃದ್ಧಿ ನಿಗಮವು ಕೊಲ್ಲಿಗೆ 1.1 ಕಿಲೋಮೀಟರ್ ಉದ್ದದ ಅಡ್ಡಗಟ್ಟೆ ಹಾಕಿಸಿತು. 1999ರಲ್ಲಿ ಅದು ಪೂರ್ಣಗೊಂಡು, ಉಬ್ಬರವಿಳಿತಗಳ ಕೆಸರುನೆಲ ಸಿಹಿನೀರಿನ ಸರೋವರವಾಯಿತು.

ಈ ಚರಿತ್ರೆಯ ಬೆಳಕಿನಲ್ಲಿ ‘ಬಿರುಕು’ ಎಂಬ ಕಲ್ಪನೆಯನ್ನು ನೋಡಿದರೆ ಅದರ ಸಾಧ್ಯತೆಯೂ ಅದು ಕಳೆದುಕೊಂಡ ಅವಕಾಶವೂ ಒಟ್ಟಿಗೆ ಗೋಚರಿಸುತ್ತವೆ. ದೂರದಿಂದ ಬಂದ ಅಪರಿಚಿತರು ದಡ ಸೇರುವ ಜಾಗ ಎಂಬುದು ಕಾರ್ಡಿಫ್‌ಗೆ ಹೊರಗಿನಿಂದ ತೊಡಿಸಿದ ಕಲ್ಪನೆಯಾಗಿರದೆ ಆ ಬಂದರಿನ ನಿಜವಾದ ಬಾಳೇ ಆಗಿತ್ತು. ಬಂದವರನ್ನು ಹಿಡಿದು ಹಳೆಯ ಹಡಗುಕಟ್ಟೆಯ ಕೆಳಗಿನ ಕತ್ತಲಕೋಣೆಗಳಲ್ಲಿ ಕೂಡಿಹಾಕುವ ತಂಡದ ಕಥೆಯನ್ನು ಟೈಗರ್ ಬೇಯ ನೆನಪಿನೊಂದಿಗೆ ಹೆಣೆದಿದ್ದರೆ, ಅನ್ಯಜೀವಿ ಎಂಬ ಸವೆದ ಪರಿಕಲ್ಪನೆಗೆ ಹೊಸ ತೂಕ ಬರುತ್ತಿತ್ತು. ಸರಣಿಯ ಕ್ಯಾಮೆರಾ ಒಲಿದದ್ದು ಹೊಸ ಸರೋವರಕ್ಕೆ, ಗಾಜು ಲೋಹಗಳ ಕಟ್ಟಡಗಳಿಗೆ, ರಾತ್ರಿಯ ಆಕಾಶದಿಂದ ಕಾಣುವ ದೀಪಗಳಿಗೆ. ನೆಲದಡಿಗೆ ಇಳಿದ ಕಥೆಯು ನೆಲದ ಚರಿತ್ರೆಗೆ ವಿರಳವಾಗಿಯೇ ಇಳಿಯಿತು.

ಇಳಿದ ಕೆಲವು ಸಂದರ್ಭಗಳು ಸರಣಿಯ ಉತ್ತಮ ಭಾಗಗಳಾಗಿರುವುದು ಆಕಸ್ಮಿಕವೆನಿಸದು. ಬಿರುಕಿನೊಳಗೆ ಸೆಳೆಯಲ್ಪಟ್ಟು ಕಾಣೆಯಾದ ನಗರವಾಸಿಗಳು ಜರ್ಜರಿತರಾಗಿ ಮರಳಿ ಬಂದಾಗ ಅವರನ್ನು ಗುಟ್ಟಾಗಿ ಇರಿಸುವ ಆರೈಕೆಯ ತಾಣವೊಂದು 2008ರ ಕಂತಿನಲ್ಲಿ ಬರುತ್ತದೆ. ಅದು ಕಾರ್ಡಿಫ್‌ನ ಎದುರಿಗಿರುವ ಫ್ಲಾಟ್ ಹೋಮ್ ದ್ವೀಪ. ಹಡಗುಗಳಲ್ಲಿ ಬಂದ ಕಾಲರಾ ರೋಗಿಗಳನ್ನು ಪ್ರತ್ಯೇಕವಾಗಿರಿಸುವ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ನಿಜವಾಗಿಯೂ ಇತ್ತು. 1897ರಲ್ಲಿ ಮಾರ್ಕೋನಿ ತೆರೆದ ಸಮುದ್ರದ ಮೇಲೆ ತಂತಿರಹಿತ ಸಂದೇಶ ಕಳಿಸಿದ್ದೂ ಆ ದ್ವೀಪಕ್ಕೂ ಎದುರಿನ ದಡಕ್ಕೂ ನಡುವೆ. ಕಾಣೆಯಾದ ಮಗನಿಗಾಗಿ ಕಾಯುವ ತಾಯಿಯ ದುಃಖಕ್ಕೆ ಆ ದ್ವೀಪ ಒದಗಿಸುವ ಆಧಾರವನ್ನು ಹೆಸರಿಲ್ಲದ ಕಲ್ಪಿತ ದ್ವೀಪ ಒದಗಿಸಲಾರದು.

ಇನ್ನು ಭಾಷೆಯ ಪ್ರಶ್ನೆ. ಆ ಚೌಕದ ಅಂಚಿನಲ್ಲಿರುವ ವೇಲ್ಸ್ ಮಿಲೆನಿಯಂ ಸೆಂಟರ್ ಎಂಬ ರಂಗಮಂದಿರ 2004ರಲ್ಲಿ ಆರಂಭವಾಯಿತು. ಅದರ ಮುಂಭಾಗದಲ್ಲಿ ಕವಯಿತ್ರಿ ಗ್ವಿನೆತ್ ಲೂಯಿಸ್ ಬರೆದ ಸಾಲುಗಳು ವೆಲ್ಷ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಕಿಟಕಿಗಳೇ ಅಕ್ಷರಗಳಾಗುವಂತೆ ಮೂಡಿವೆ. ಆ ಎರಡು ಬರಹಗಳು ಒಂದರ ಅನುವಾದ ಇನ್ನೊಂದಲ್ಲ. ಎರಡೂ ಬೇರೆಬೇರೆ ಅರ್ಥದ ಸ್ವತಂತ್ರ ಸಾಲುಗಳು. ನೀರಿನ ಗೋಪುರದ ದೃಶ್ಯಗಳಲ್ಲಿ ಈ ಕಟ್ಟಡ ಮತ್ತೆ ಮತ್ತೆ ಕಾಣುತ್ತದೆ. ಹೀಗೆ ವೆಲ್ಷ್ ಭಾಷೆ ಗೋಡೆಯ ಮೇಲಿದೆ, ಫಲಕಗಳ ಮೇಲಿದೆ, ಇಯಾಂಟೊ ಮತ್ತು ಗ್ವೆನ್ ಎಂಬ ಹೆಸರುಗಳಲ್ಲಿದೆ. ಪಾತ್ರಗಳ ಸಂಭಾಷಣೆ ಮಾತ್ರ ಬಹುಪಾಲು ಇಂಗ್ಲಿಷಿನದು.

ಇದಕ್ಕೆ ಗಂಭೀರವಾದ ಆಕ್ಷೇಪವೊಂದು ಸಾಧ್ಯ. ಕಾರ್ಡಿಫ್ ಬಹುಕಾಲದಿಂದ ಇಂಗ್ಲಿಷ್ ಪ್ರಧಾನವಾದ ನಗರ. 2021ರ ಜನಗಣತಿಯಲ್ಲಿ ವೇಲ್ಸಿನಾದ್ಯಂತ ವೆಲ್ಷ್ ಬಲ್ಲವರು ಶೇಕಡ 17.8ರಷ್ಟಿದ್ದರೆ ಕಾರ್ಡಿಫ್‌ನಲ್ಲಿ ಅವರ ಪ್ರಮಾಣ ಸುಮಾರು ಶೇಕಡ 12 ಮಾತ್ರ. ಪಾತ್ರಗಳ ಬಾಯಲ್ಲಿ ವೆಲ್ಷ್ ತುರುಕಿದ್ದರೆ ಅದೇ ಸುಳ್ಳಾಗುತ್ತಿತ್ತಲ್ಲವೇ? ಈ ಮಾತು ಒಪ್ಪತಕ್ಕದ್ದೇ. ಆದರೆ ನೂರಕ್ಕೆ ಹನ್ನೆರಡು ಮಂದಿ ಬಲ್ಲ ಭಾಷೆ ನೂರಕ್ಕೆ ಒಂದು ಬಾರಿಯೂ ಕೇಳಿಸದಿರುವುದು ವಾಸ್ತವಿಕತೆ ಎನಿಸಿಕೊಳ್ಳಲಾರದು. ಅಷ್ಟೇ ಅಲ್ಲ, ಬಂದರಿನ ಜನರ ಬಹುಭಾಷಿಕ ನೆನಪೂ ಇಲ್ಲಿ ಕೇಳಿಸುವುದಿಲ್ಲ. ನಗರದ ಸ್ವಂತಿಕೆ ಎಂಬುದು ಒಂದೇ ಶುದ್ಧ ಭಾಷೆಯಲ್ಲಿರದೆ ಪದರಪದರವಾದ ನುಡಿಗಳ ಸಹಬಾಳ್ವೆಯಲ್ಲಿರುತ್ತದೆ. ಮಾರುಕಟ್ಟೆ ಒಪ್ಪುವುದಿಲ್ಲ ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. 2013ರಲ್ಲಿ ಆರಂಭವಾದ ‘ಅ ಗ್ವಿಲ್’ ಎಂಬ ಪತ್ತೇದಾರಿ ಸರಣಿಯನ್ನು ಅಬರಿಸ್ಟ್‌ವಿತ್ ಪ್ರದೇಶದಲ್ಲಿ ಒಮ್ಮೆ ವೆಲ್ಷ್‌ನಲ್ಲಿ, ಇನ್ನೊಮ್ಮೆ ಇಂಗ್ಲಿಷಿನಲ್ಲಿ ಚಿತ್ರಿಸಲಾಯಿತು. ಅದು ಹೊರನಾಡುಗಳಿಗೂ ತಲುಪಿತು.

ಮಾರ್ಗ ಮತ್ತು ದೇಸಿ ಎಂಬ ಪರಿಕಲ್ಪನೆಗಳನ್ನು ಈ ಸಂದರ್ಭಕ್ಕೆ ವಿಸ್ತರಿಸಿ ನೋಡಬಹುದು. ಲಂಡನ್ ಕೇಂದ್ರಿತ ಕಥನದ ಮಾರ್ಗಕ್ಕೆ ಕಾರ್ಡಿಫ್ ಒಂದು ದೇಸಿ ಉತ್ತರವಾಗಬಹುದಿತ್ತು. ಆದರೆ ಸರಣಿಯು ತನ್ನೊಳಗೇ ಇನ್ನೊಂದು ಮಾರ್ಗವನ್ನು ಕಟ್ಟಿಕೊಂಡಿತು. 2006ರ ಒಂದು ಕಂತಿನಲ್ಲಿ ತಂಡವು ನಗರ ಬಿಟ್ಟು ಬ್ರೆಕನ್ ಬೆಟ್ಟಸೀಮೆಗೆ ಹೋಗುತ್ತದೆ. ಅಲ್ಲಿಯ ಕೊಲೆಗಳಿಗೆ ಕಾರಣರು ಅನ್ಯಜೀವಿಗಳಲ್ಲ, ನರಭಕ್ಷಕರಾದ ಹಳ್ಳಿಗರೇ ಎಂದು ತಿಳಿಯುತ್ತದೆ. ಲಂಡನ್ ಕಾರ್ಡಿಫನ್ನು ಕಂಡ ಕಣ್ಣಿನಲ್ಲೇ ಕಾರ್ಡಿಫ್ ತನ್ನ ಹಳ್ಳಿಗಳನ್ನು ಕಂಡಂತಾಯಿತು. ಅಂಚಿನಲ್ಲಿದ್ದದ್ದು ಕೇಂದ್ರವಾದಾಗ ತನಗೊಂದು ಅಂಚನ್ನು ಹುಡುಕಿಕೊಳ್ಳುವ ಈ ಕ್ರಮವು ಪ್ರಾದೇಶಿಕತೆಯ ಅಧ್ಯಯನಕಾರರಿಗೆ ಎಚ್ಚರಿಕೆಯಾಗಬೇಕು.

ಸರಣಿಯ ಮೂರನೆಯ ಭಾಗ (2009) ಇವೆಲ್ಲಕ್ಕೂ ಮಹತ್ವದ ಅಪವಾದ. ಐದು ಕಂತುಗಳ ಈ ಕಥೆಯ ಆರಂಭದಲ್ಲೇ ಚೌಕದ ಕೆಳಗಿನ ನೆಲೆ ಸ್ಫೋಟಗೊಳ್ಳುತ್ತದೆ. ತಂಡ ಲಂಡನ್ನಿಗೆ ಓಡುತ್ತದೆ. ಅನ್ಯಗ್ರಹದವರು ಭೂಮಿಯ ಮಕ್ಕಳಲ್ಲಿ ಶೇಕಡ 10ರಷ್ಟನ್ನು ಕೇಳಿದಾಗ, ಪರೀಕ್ಷಾ ಫಲಿತಾಂಶಗಳಲ್ಲಿ ಹಿಂದುಳಿದ ಶಾಲೆಗಳ ಮಕ್ಕಳನ್ನು ಒಪ್ಪಿಸಲು ಲಂಡನ್ನಿನ ಮಂತ್ರಿಮಂಡಲ ನಿರ್ಧರಿಸುತ್ತದೆ. ಸೈನಿಕರು ಬರುವುದು ಇಯಾಂಟೊನ ಅಕ್ಕ ವಾಸಿಸುವ ಕಾರ್ಡಿಫ್‌ನ ಬಡವರ ವಸತಿಗೆ. ಗೋಪುರವಿಲ್ಲ, ಸರೋವರವಿಲ್ಲ, ಆಕಾಶದಿಂದ ಕಂಡ ದೀಪಗಳಿಲ್ಲ. ಒತ್ತಾಗಿ ನಿಂತ ಮನೆಗಳೂ ಮಕ್ಕಳನ್ನು ಅಡಗಿಸಿಡುವ ತಾಯಂದಿರೂ ಇದ್ದಾರೆ. ಲಂಡನ್ನಿನ ಅಸಡ್ಡೆಯ ಬಗ್ಗೆ 2005ರ ಮೇಯರ್ ತಮಾಷೆಯಾಗಿ ಆಡಿದ್ದ ಮಾತು ಇಲ್ಲಿ ತಮಾಷೆಯಾಗಿ ಉಳಿದಿಲ್ಲ. ನಗರವು ತನ್ನ ಗುರುತಿನ ಕಟ್ಟಡಗಳನ್ನು ಕಳೆದುಕೊಂಡ ಮೇಲೆಯೇ ಹೆಚ್ಚು ತಾನಾಗಿ ತೋರಿತು.

ಆದರೆ ಈ ಅರಿವು ಮುಂದುವರಿಯಲಿಲ್ಲ. ಅಮೆರಿಕದ ವಾಹಿನಿಯೊಂದರ ಸಹಯೋಗದಲ್ಲಿ 2011ರಲ್ಲಿ ಬಂದ ನಾಲ್ಕನೆಯ ಭಾಗದ ಕಥೆ ಬಹುಪಾಲು ಅಮೆರಿಕಕ್ಕೆ ಸ್ಥಳಾಂತರಗೊಂಡಿತು. ಬಜೆಟ್ಟೂ ಭೂಪಟವೂ ಹಿಗ್ಗಿದವು, ಬಿರುಕು ಮರೆಯಾಯಿತು. ಆ ಬಳಿಕ ದೂರದರ್ಶನಕ್ಕಾಗಿ ಸರಣಿಯ ಹೊಸ ಭಾಗ ಬರಲಿಲ್ಲ. 2009ರಲ್ಲಿ ಕಥೆಯೊಳಗೆ ಇಯಾಂಟೊ ಸತ್ತಾಗ ಅಭಿಮಾನಿಗಳು ಕಾರ್ಡಿಫ್ ಕೊಲ್ಲಿಯ ದಡದ ಗೋಡೆಯೊಂದರಲ್ಲಿ ಹೂವು, ಪತ್ರ, ಚಿತ್ರಗಳನ್ನಿರಿಸಿ ಸ್ಮಾರಕ ಕಟ್ಟಿಕೊಂಡರು. ಕಲ್ಪಿತ ವ್ಯಕ್ತಿಗೆ ನಿಜವಾದ ಗೋಡೆ ಸ್ಮಾರಕವಾದದ್ದು, ಪಾತ್ರವನ್ನು ಸ್ಥಳದಿಂದ ಬೇರ್ಪಡಿಸಲಾಗದಂತೆ ಪ್ರೇಕ್ಷಕರು ಸ್ವೀಕರಿಸಿದ್ದರೆಂಬುದಕ್ಕೆ ಸಾಕ್ಷಿ. ನಿರ್ಮಾಪಕರಿಗಿಂತ ಪ್ರೇಕ್ಷಕರೇ ನಗರವನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಂಡರು ಎನ್ನಬಹುದು.

ವೇಲ್ಸ್ 1997ರ ಜನಮತಗಣನೆಯಲ್ಲಿ ಶೇಕಡ 50.3ರ ಅತ್ಯಲ್ಪ ಬಹುಮತದಿಂದ ತನ್ನದೇ ಶಾಸನಸಭೆಯನ್ನು ಪಡೆದುಕೊಂಡಿತು. ಆ ಸಭೆಯ ಹೊಸ ಕಟ್ಟಡ ‘ಟಾರ್ಚ್‌ವುಡ್’ ಆರಂಭವಾದ 2006ರಲ್ಲಿಯೇ, ಅದೇ ಕೊಲ್ಲಿಯ ದಡದಲ್ಲಿ ಉದ್ಘಾಟನೆಗೊಂಡಿತು. ಸಣ್ಣ ಭಾಷೆಯ ದೇಶವೊಂದು ತನ್ನ ರಾಜಧಾನಿಯನ್ನು ಲೋಕಕ್ಕೆ ಕಾಣಿಸಿಕೊಳ್ಳುತ್ತಿದ್ದ ಆ ಗಳಿಗೆಯಲ್ಲಿ ಭವಿಷ್ಯದ ಕಥೆಗಳು ಇಲ್ಲಿಯೂ ಘಟಿಸಬಲ್ಲವು ಎಂದು ಸರಣಿ ತೋರಿಸಿತು. ಇದರ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಣಿಸಿಕೊಳ್ಳುವುದು ಬೇರೆ, ಕೇಳಿಸಿಕೊಳ್ಳುವಂತಾಗುವುದು ಬೇರೆ.

ಕನ್ನಡ ವಿಮರ್ಶೆಗೆ ಇಲ್ಲಿಂದ ದೊರೆಯುವ ಮಾನದಂಡ ಸರಳವಾದದ್ದು. ವಿಜ್ಞಾನ ಕಥೆಯೊಂದರಲ್ಲಿ ಊರಿನ ಹೆಸರು ಬಂದಾಗ, ಹೆಸರನ್ನು ಬದಲಿಸಿದರೆ ಕಥೆಯಲ್ಲಿ ಏನು ಮುರಿಯುತ್ತದೆ ಎಂದು ಕೇಳಬೇಕು. ಫ್ಲಾಟ್ ಹೋಮಿನ ಕಥೆಯಲ್ಲಿ ಮುರಿಯುತ್ತದೆ, ಬಡವರ ವಸತಿಯ ಕಥೆಯಲ್ಲಿ ಮುರಿಯುತ್ತದೆ. ಆಕಾಶದಿಂದ ಕಂಡ ದೀಪಗಳಲ್ಲಿ ಏನೂ ಮುರಿಯುವುದಿಲ್ಲ. ಏನೂ ಮುರಿಯದಿದ್ದರೆ ಅಲ್ಲಿರುವುದು ಊರಲ್ಲ, ಊರಿನ ಚಿತ್ರಪಟ. ಮಲೆನಾಡಿನ ಕಾದಂಬರಿಗೆ ಕೇಳಿದ ಪ್ರಶ್ನೆಯನ್ನು ನಾಳಿನ ಕಥೆಗೂ ಕೇಳುವುದು ವಿಮರ್ಶೆಯ ಹೊಣೆ. ಭವಿಷ್ಯಕ್ಕೂ ಒಂದು ಊರಿದೆ, ಆ ಊರಿಗೊಂದು ನುಡಿಯಿದೆ.