ಜಾತ್ರೆಯಲ್ಲಿ ತಿಂದ ಬುತ್ತಿಗೆ ಕೋರ್ಟಿನಲ್ಲಿ ಲೆಕ್ಕ

ವಿಡಿಯೋ ಗೇಮ್ ಎಂದ ಕೂಡಲೇ ಮನೆಯಲ್ಲೂ ಸ್ಟಾಫ್ ರೂಮಿನಲ್ಲೂ ಕೇಳಿಬರುವ ಮಾತು ಒಂದೇ: ಹೊತ್ತು ಹಾಳು. ವಿದ್ಯಾರ್ಥಿಗಳಾದ ನಾವು ಕೊಡುವ ಉತ್ತರವೂ ಒಂದೇ: ಸುಮ್ಮನೆ ಟೈಂ ಪಾಸ್, ಸರ್. ಯೋಚಿಸಿ ನೋಡಿದರೆ ಎರಡೂ ಕಡೆಯವರು ಹೇಳುತ್ತಿರುವುದು ಒಂದೇ ಮಾತು. ಅದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ ಎಂದು ಇಬ್ಬರೂ ಒಪ್ಪಿಕೊಂಡುಬಿಟ್ಟಿದ್ದೇವೆ. ನನಗೆ ಇದು ಒಪ್ಪಿಗೆಯಿಲ್ಲ. ಕೆಲವು ಆಟಗಳು ಕಥೆ ಹೇಳುತ್ತವೆ. ಕಥೆಯೆಂದ ಮೇಲೆ ಅದನ್ನೂ ಭಾಷಾ ತರಗತಿಯ ಕಥೆಯಂತೆಯೇ ಎದುರಿಗಿಟ್ಟುಕೊಂಡು ಸರಿ ತಪ್ಪು ಮಾತನಾಡಬಹುದು. ದಸರಾ ರಜೆಯಲ್ಲಿ ನಾನು ಆಡಿದ ಒಂದು ಹಳೆಯ ಜಪಾನಿ ಆಟದ ಮೊದಲ ಕೆಲವು ಗಂಟೆಗಳ ಕಥೆಯನ್ನು ಹಾಗೆ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಟದ ಹೆಸರು ಕ್ರೋನೊ ಟ್ರಿಗರ್. ಜಪಾನಿನ ಸ್ಕ್ವೇರ್ ಕಂಪೆನಿ 1995ರಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಯಂತ್ರಕ್ಕಾಗಿ ಇದನ್ನು ಹೊರತಂದಿತು. ಅಂದರೆ ನಾವು ಯಾರೂ ಹುಟ್ಟುವ ಮೊದಲೇ. ಈಗ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಸಿಗುತ್ತದೆ. ಕನ್ನಡದಲ್ಲಿಲ್ಲ, ನಾನು ಇಂಗ್ಲಿಷಿನಲ್ಲಿ ಆಡಿದೆ. ಫೈನಲ್ ಫ್ಯಾಂಟಸಿ ಸರಣಿಯನ್ನು ಹುಟ್ಟುಹಾಕಿದ ಹಿರೊನೊಬು ಸಕಗುಚಿ, ಡ್ರ್ಯಾಗನ್ ಕ್ವೆಸ್ಟ್ ಸರಣಿಯ ಯುಜಿ ಹೊರಿಯಿ, ಡ್ರ್ಯಾಗನ್ ಬಾಲ್ ಬರೆದು ಚಿತ್ರಿಸಿದ ಅಕಿರಾ ತೊರಿಯಾಮ, ಈ ಮೂವರೂ ಇದಕ್ಕಾಗಿ ಒಟ್ಟಾಗಿದ್ದರು. 2024ರ ಮಾರ್ಚ್‌ನಲ್ಲಿ ತೊರಿಯಾಮ ತೀರಿಕೊಂಡಾಗ ನಮ್ಮಲ್ಲೂ ಹಲವರು ಸ್ಟೇಟಸ್ ಹಾಕಿದ್ದು ನಿಮಗೆ ನೆನಪಿರಬಹುದು. ಈ ಆಟದ ಪಾತ್ರಗಳನ್ನೂ ರೂಪಿಸಿದ್ದು ಅವರೇ.

ರೋಲ್ ಪ್ಲೇಯಿಂಗ್ ಗೇಮ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ನಾವು ಒಂದು ಪಾತ್ರದ ಜಾಗದಲ್ಲಿ ನಿಲ್ಲುತ್ತೇವೆ. ಊರೂರು ಸುತ್ತುತ್ತೇವೆ, ಸಿಕ್ಕವರನ್ನು ಮಾತನಾಡಿಸುತ್ತೇವೆ, ಶತ್ರುಗಳು ಎದುರಾದರೆ ಹೋರಾಡುತ್ತೇವೆ, ಕಥೆ ಮುಂದೆ ಸಾಗುತ್ತದೆ. ಇಂಥ ಆಟಗಳಲ್ಲಿ ಒಂದು ಹಳೆಯ ರೂಢಿಯಿದೆ. ನಾಯಕ ಯಾರ ಮನೆಗೆ ಬೇಕಾದರೂ ನುಗ್ಗಬಹುದು. ಮಡಕೆ, ಪೀಪಾಯಿ, ಬೀರು ಎಲ್ಲವನ್ನೂ ತಡಕಿ ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಳ್ಳಬಹುದು. ಮನೆಯವರು ಎದುರಿಗೇ ನಿಂತಿದ್ದರೂ ಏನೂ ಅನ್ನುವುದಿಲ್ಲ. ಡ್ರ್ಯಾಗನ್ ಕ್ವೆಸ್ಟ್ ಆಟಗಳಲ್ಲಿ ಇದು ತೀರಾ ಸಾಮಾನ್ಯ. ಆಡುವವನಿಗೆ ಅದು ಕಳ್ಳತನ ಅನ್ನಿಸುವುದೇ ಇಲ್ಲ. ಹೊಳೆಯುವ ವಸ್ತು ಕಂಡರೆ ಗುಂಡಿ ಒತ್ತಬೇಕು, ಅಷ್ಟೇ. ಅದೇ ಡ್ರ್ಯಾಗನ್ ಕ್ವೆಸ್ಟಿನ ಹೊರಿಯಿ ಅವರೂ ಸೇರಿ ಕಟ್ಟಿದ ಕ್ರೋನೊ ಟ್ರಿಗರ್, ಆ ರೂಢಿಯನ್ನೇ ಕಟಕಟೆಗೆ ಹತ್ತಿಸುತ್ತದೆ.

ಕಥೆ ಶುರುವಾಗುವುದು ಕ್ರಿ.ಶ. 1000ರಲ್ಲಿ, ಗಾರ್ಡಿಯಾ ಎಂಬ ಕಾಲ್ಪನಿಕ ರಾಜ್ಯದಲ್ಲಿ. ರಾಜ್ಯಕ್ಕೆ ಸಾವಿರ ವರ್ಷ ತುಂಬಿದ ಸಂಭ್ರಮದ ಜಾತ್ರೆ ನಡೆಯುತ್ತಿದೆ. ಕ್ರೋನೊ ಎಂಬ ಹುಡುಗನನ್ನು ಅಮ್ಮ ಹಾಸಿಗೆಯಿಂದ ಎಬ್ಬಿಸಿ ಕಳಿಸುತ್ತಾಳೆ. ಜಾತ್ರೆಯಲ್ಲಿ ಅವನಿಗೆ ಓಡಿ ಬರುತ್ತಿದ್ದ ಹುಡುಗಿಯೊಬ್ಬಳು ಡಿಕ್ಕಿ ಹೊಡೆಯುತ್ತಾಳೆ. ಇಬ್ಬರೂ ಬೀಳುತ್ತಾರೆ, ಅವಳ ಕೊರಳ ಪದಕವೂ ಕಳಚಿ ಬೀಳುತ್ತದೆ. ಹೆಸರು ಮಾರ್ಲ್ ಎಂದು ಹೇಳಿಕೊಳ್ಳುವ ಅವಳು ಇವನ ಜೊತೆ ಜಾತ್ರೆ ಸುತ್ತುತ್ತಾಳೆ. ಒಂದು ಕಡೆ ಪುಟ್ಟ ಹುಡುಗಿಯೊಬ್ಬಳು ಬೆಕ್ಕು ಕಳೆದುಕೊಂಡಿದ್ದಾಳೆ. ಇನ್ನೊಂದು ಕಡೆ ಮುದುಕನೊಬ್ಬನ ಬುತ್ತಿ ಇದೆ. ಗುಂಡಿ ಒತ್ತಿದರೆ ಕ್ರೋನೊ ಅದನ್ನು ತಿಂದುಬಿಡುತ್ತಾನೆ, ಶಕ್ತಿಯೂ ಬರುತ್ತದೆ. ಯಾರೂ ಗದರಿಸುವುದಿಲ್ಲ. ಆಟ ಮುಂದೆ ಹೋಗುತ್ತದೆ.

ಕ್ರೋನೊನ ಗೆಳತಿ ಲುಕ್ಕಾ ಮನುಷ್ಯರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರ ಮಾಡಿದ್ದಾಳೆ. ಮಾರ್ಲ್ ಅದರೊಳಗೆ ನಿಂತಾಗ ಪದಕಕ್ಕೂ ಯಂತ್ರಕ್ಕೂ ಏನೋ ಆಗಿ, ಆಕೆ ನಾನೂರು ವರ್ಷ ಹಿಂದಿನ ಕಾಲಕ್ಕೆ ಹೋಗಿಬಿಡುತ್ತಾಳೆ. ಕ್ರೋನೊ ಹಿಂದೆಯೇ ಹೋಗುತ್ತಾನೆ. ಅಲ್ಲಿ ತಿಳಿಯುವುದೇನೆಂದರೆ, ಮಾರ್ಲ್ ನಿಜವಾಗಿ ಗಾರ್ಡಿಯಾದ ರಾಜಕುಮಾರಿ ನಾಡಿಯಾ. ಕ್ರಿ.ಶ. 600ರ ರಾಣಿ ಲೀನ್ ಅವಳ ಪೂರ್ವಜೆ. ಕಾಣೆಯಾಗಿದ್ದ ಆ ರಾಣಿಯನ್ನು ಉಳಿಸಿ, ಮಾರ್ಲ್‌ಳನ್ನು ಕರೆದುಕೊಂಡು ಕ್ರೋನೊ ತನ್ನ ಕಾಲಕ್ಕೆ ಮರಳುತ್ತಾನೆ. ಅರಮನೆಯವರೆಗೂ ಬಿಟ್ಟುಬರಲು ಹೋಗುತ್ತಾನೆ. ಬಾಗಿಲಲ್ಲೇ ಅವನನ್ನು ಹಿಡಿಯುತ್ತಾರೆ. ಆರೋಪ: ರಾಜಕುಮಾರಿಯ ಅಪಹರಣ.

ವಿಚಾರಣೆ ನಡೆಯುತ್ತದೆ. ಆರೋಪ ಹೊರಿಸುವವನು ಸ್ವತಃ ಮಂತ್ರಿ. ಜಾತ್ರೆಯಲ್ಲಿ ನಾವು ಮಾಡಿದ್ದೆಲ್ಲ ಅಲ್ಲಿ ಸಾಕ್ಷ್ಯವಾಗಿ ಬರುತ್ತದೆ. ಬುತ್ತಿ ತಿಂದಿದ್ದರೆ ಆ ಮುದುಕ ಬಂದು ದೂರುತ್ತಾನೆ. ಬೆಕ್ಕು ಹುಡುಕಿ ಕೊಟ್ಟಿದ್ದರೆ ಆ ಪುಟ್ಟ ಹುಡುಗಿ ಬಂದು ನಮ್ಮ ಪರವಾಗಿ ಹೇಳುತ್ತಾಳೆ. ಡಿಕ್ಕಿಯಾದಾಗ ಮೊದಲು ಬಿದ್ದವಳನ್ನು ಮಾತನಾಡಿಸಿದಿರೋ, ಪದಕ ಎತ್ತಿಕೊಂಡಿರೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಏಳು ಮಂದಿ ತೀರ್ಪುಗಾರರು ಒಬ್ಬೊಬ್ಬರಾಗಿ ತಪ್ಪಿತಸ್ಥ, ನಿರ್ದೋಷಿ ಎಂದು ಮತ ಹಾಕುತ್ತಾರೆ. ನನ್ನ ಅಣ್ಣ ಹಿಂದೆ ಇದನ್ನು ಆಡಿದ್ದವನು. ಬುತ್ತಿ ತಿಂದಿದ್ದೂ ಅವನಿಗೆ ಮರೆತೇಹೋಗಿತ್ತಂತೆ. ಮುದುಕ ಕೋರ್ಟಿಗೆ ಬಂದಾಗ, ಇವನ್ಯಾರು ಅಂದುಕೊಂಡೆ ಎಂದು ನಗುತ್ತಾ ಹೇಳಿದ.

ಇದನ್ನು ಕೇಳಿದವರು ತಕ್ಷಣ ಹೇಳುವ ನೀತಿ ಒಂದಿದೆ: ಯಾರೂ ನೋಡುತ್ತಿಲ್ಲ ಅಂದುಕೊಂಡು ಮಾಡಿದ್ದಕ್ಕೂ ಲೆಕ್ಕವಿರುತ್ತದೆ, ಆದ್ದರಿಂದ ಒಳ್ಳೆಯವರಾಗಿರಿ. ಮಾತು ಸರಿಯೇ. ಆದರೆ ಆಟ ಹೇಳುತ್ತಿರುವುದು ಅಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ತರಗತಿಯಲ್ಲಿ ಸಿಸಿ ಕ್ಯಾಮೆರಾ ಹಾಕಿದರೂ ಅಷ್ಟು ನೀತಿ ತಾನಾಗಿ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ವಿಚಾರಣೆ ಅದಕ್ಕಿಂತ ಕಷ್ಟದ ಎರಡು ಮಾತುಗಳನ್ನು ಹೇಳುತ್ತದೆ.

ಮೊದಲನೆಯದು, ನಿಜವಾದ ಸಂಗತಿಗಳಿಂದಲೇ ಸುಳ್ಳು ಕಟ್ಟಬಹುದು. ಗಮನಿಸಿ, ಮುದುಕ ಸುಳ್ಳು ಹೇಳುವುದಿಲ್ಲ. ಬುತ್ತಿ ತಿಂದದ್ದು ನಿಜ. ಪದಕ ಎತ್ತಿಕೊಂಡದ್ದೂ ನಿಜ. ಆದರೆ ಬುತ್ತಿ ತಿಂದವನು ರಾಜಕುಮಾರಿಯನ್ನು ಅಪಹರಿಸಿದ ಎಂದು ಅದರಿಂದ ಹೇಗೆ ಸಾಬೀತಾಗುತ್ತದೆ? ಆಗುವುದಿಲ್ಲ. ಮಂತ್ರಿ ಮಾಡುವುದು ಇಷ್ಟೇ. ಚೂರು ಚೂರು ನಿಜಗಳನ್ನು ಆರಿಸಿ, ತನಗೆ ಬೇಕಾದ ಕ್ರಮದಲ್ಲಿ ಜೋಡಿಸುತ್ತಾನೆ. ಕ್ರೋನೊ ಅವಳಿಗಾಗಿ ನಾನೂರು ವರ್ಷ ಹಿಂದಕ್ಕೆ ಹೋದ, ಪ್ರಾಣ ಪಣಕ್ಕಿಟ್ಟು ಅವಳ ಪೂರ್ವಜೆಯನ್ನೇ ಉಳಿಸಿದ ಎಂಬ ದೊಡ್ಡ ನಿಜ ಆ ಸಭೆಯಲ್ಲಿ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಇದು ನಮಗೆ ದೂರದ ಮಾತಲ್ಲ. ಕಳೆದ ವರ್ಷ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪೊಂದರಲ್ಲಿ ಹತ್ತು ಸೆಕೆಂಡಿನ ಒಂದು ವಿಡಿಯೋ ಹರಿದಾಡಿತು. ಖಾಲಿ ತರಗತಿಯಲ್ಲಿ ಒಬ್ಬ ಹುಡುಗ ಇನ್ನೊಬ್ಬನ ಬ್ಯಾಗು ತೆರೆಯುತ್ತಿದ್ದ. ಕಿಟಕಿಯಿಂದ ಯಾರೋ ತೆಗೆದದ್ದು. ಕೆಳಗೆ ನಗುವ ಚಿಹ್ನೆಗಳು, ಒಂದು ಅಡ್ಡಹೆಸರು. ಬ್ಯಾಗಿನವನಿಗೆ ಜ್ವರ ಬಂದು ಮನೆಯವರು ಕರೆದೊಯ್ಯಲು ಬಂದಿದ್ದರು. ಒಳಗಿದ್ದ ಮಾತ್ರೆ ತಂದುಕೊಡು ಎಂದು ಅವನೇ ಹೇಳಿ ಕಳಿಸಿದ್ದ. ಈ ಸಂಗತಿ ಸಂಜೆ ಎಲ್ಲರಿಗೂ ಗೊತ್ತಾಯಿತು. ಆದರೆ ಅಡ್ಡಹೆಸರು ಮಾತ್ರ ಆ ಹುಡುಗನಿಗೆ ವರ್ಷಪೂರ್ತಿ ಅಂಟಿಕೊಂಡಿತ್ತು. ವಿಡಿಯೋದಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ಅವನು ಬ್ಯಾಗು ತೆರೆದದ್ದು ನಿಜವೇ ತಾನೇ! ಗಾರ್ಡಿಯಾದ ಏಳು ಮಂದಿ ಮತ ಹಾಕುವ ಮೊದಲು ಪರ, ವಿರೋಧ ಎರಡೂ ಮಾತು ಕೇಳಿದ್ದರು. ಕ್ರೋನೊಗೆ ಒಬ್ಬ ವಕೀಲನಾದರೂ ಇದ್ದ. ನಮ್ಮ ಮೊಬೈಲ್ ಕೋರ್ಟಿನಲ್ಲಿ ಅಷ್ಟೂ ಇಲ್ಲ.

ಇದೇ ಮಾತಿಗೆ ಇನ್ನೊಂದು ಮುಖವಿದೆ. ನಾನು ಆಡುವಾಗ ಆ ಬುತ್ತಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹೀಗಾಗಿ ಮುದುಕನ ದೂರೂ ಬರಲಿಲ್ಲ. ಕೋರ್ಟಿನ ಲೆಕ್ಕದಲ್ಲಿ ನಾನು ಅಣ್ಣನಿಗಿಂತ ಸಭ್ಯ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿದೆ? ಕಾಣದ್ದನ್ನು ತಿನ್ನದಿರುವುದು ಸಂಯಮವಲ್ಲ. ನಾವು ದಿನವೂ ಬಳಸುವ ನಿಯತ್ತು ಎಂಬ ಪದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದಾಖಲೆಯಲ್ಲಿ ಕೆಲಸ ಕಾಣುತ್ತದೆ, ನಿಯತ್ತು ಕಾಣುವುದಿಲ್ಲ. ದಾಖಲೆ ಸ್ವಚ್ಛವಾಗಿದೆ ಎಂದು ಬೀಗುವುದೂ ತಪ್ಪು, ಒಂದು ದಾಖಲೆ ನೋಡಿ ಒಬ್ಬನನ್ನು ಪೂರ್ತಿ ಅಳೆಯುವುದೂ ತಪ್ಪು.

ಎರಡನೆಯ ಮಾತು ಇನ್ನೂ ಕಹಿಯಾದದ್ದು. ಏಳೂ ಮತಗಳು ನಿರ್ದೋಷಿ ಎಂದು ಬಂದರೂ ಕ್ರೋನೊ ಮನೆಗೆ ಹೋಗುವುದಿಲ್ಲ. ರಾಜಕುಮಾರಿಯನ್ನು ಕರೆದುಕೊಂಡು ಹೋದದ್ದಕ್ಕೆ ಮೂರು ದಿನ ಒಂಟಿ ಸೆರೆ ಎನ್ನುತ್ತಾರೆ. ಸೆರೆಮನೆಗೆ ಹೋದ ಮೇಲೆ ಮಂತ್ರಿ ಅದನ್ನು ಮರಣದಂಡನೆ ಮಾಡಿಬಿಡುತ್ತಾನೆ. ಅಲ್ಲಿನ ಅಧಿಕಾರಿಗೇ ಅದರ ಸುದ್ದಿ ಗೊತ್ತಿರುವುದಿಲ್ಲ. ಅಂದರೆ ಬುತ್ತಿ ತಿಂದವನಿಗೂ ಬೆಕ್ಕು ಹುಡುಕಿದವನಿಗೂ ಕೊನೆಗೆ ಅದೇ ಕೋಣೆ. ಪೂರ್ತಿ ನಿರ್ದೋಷಿಯಾದವನಿಗೆ ಸಿಗುವುದು ಕೆಲವು ಔಷಧದ ಬಾಟಲಿ ಮಾತ್ರ. ಹಾಗಿದ್ದರೆ ಒಳ್ಳೆಯವನಾಗಿ ಏನು ಸಿಕ್ಕಿತು ಎಂದು ಕೇಳುವವರಿದ್ದಾರೆ. ನನ್ನ ಸಹಪಾಠಿಯೊಬ್ಬ ಇದನ್ನೇ ಕೇಳಿದ: ಎರಡೂ ಒಂದೇ ಆದರೆ ಆಟ ಮಾಡಿದವರು ಲೆಕ್ಕ ಇಟ್ಟಿದ್ದಾದರೂ ಯಾಕೆ?

ನನಗನ್ನಿಸುವುದು, ಆಟ ಬೇಕೆಂದೇ ಹಾಗೆ ಮಾಡಿದೆ. ಒಳ್ಳೆಯದಕ್ಕೆ ಬಿಡುಗಡೆ, ಕೆಟ್ಟದ್ದಕ್ಕೆ ಸೆರೆ ಎಂದಿಟ್ಟಿದ್ದರೆ ಅದು ಅಂಗಡಿಯ ವ್ಯಾಪಾರವಾಗುತ್ತಿತ್ತು. ಎಲ್ಲರೂ ಎರಡನೇ ಸಲ ಆಡುವಾಗ ಬೆಕ್ಕು ಹುಡುಕುತ್ತಿದ್ದರು, ಹುಡುಗಿಗಾಗಿ ಅಲ್ಲ, ಬಿಡುಗಡೆಗಾಗಿ. ಇಲ್ಲಿ ಬೆಕ್ಕು ಹುಡುಕಿದ್ದಕ್ಕೆ ಸಿಗುವ ನಿಜವಾದ ಫಲ ಒಂದೇ. ಒಬ್ಬ ಪುಟ್ಟ ಹುಡುಗಿಗೆ ಅವಳ ಬೆಕ್ಕು ಸಿಕ್ಕಿತು. ಅಷ್ಟು ಸಾಲದು ಎನ್ನುವವನಿಗೆ ಆಟ ಬೇರೇನನ್ನೂ ಕೊಡುವುದಿಲ್ಲ.

ಈ ಉತ್ತರ ನಾನು ಎಳೆದು ತಂದದ್ದಲ್ಲ ಎನ್ನಲು ಮುಂದಿನ ಕಥೆಯೇ ಆಧಾರ. ಸೆರೆಯಿಂದ ತಪ್ಪಿಸಿಕೊಂಡ ಕ್ರೋನೊ, ಲುಕ್ಕಾ, ಮಾರ್ಲ್ ಮೂವರೂ ಕಾಡಿನಲ್ಲಿದ್ದ ಕಾಲದ ಬಾಗಿಲೊಂದನ್ನು ಹೊಕ್ಕು ಕ್ರಿ.ಶ. 2300ಕ್ಕೆ ಬಂದುಬೀಳುತ್ತಾರೆ. ಅಲ್ಲಿ ಜಗತ್ತು ಹಾಳಾಗಿದೆ. ಉಳಿದ ಕೆಲವೇ ಜನ ಮುರುಕು ಗುಮ್ಮಟಗಳೊಳಗೆ ಬದುಕುತ್ತಿದ್ದಾರೆ. ಒಂದು ಯಂತ್ರದೊಳಗೆ ನಿಂತರೆ ದಣಿವು ಹೋಗುತ್ತದೆ, ಹಸಿವು ಮಾತ್ರ ಹೋಗುವುದಿಲ್ಲ. ಆಹಾರದ ಉಗ್ರಾಣಕ್ಕೆ ಹೋಗಿ ನೋಡಿದರೆ ಎಲ್ಲ ಕೊಳೆತಿದೆ. ಸಿಗುವುದು ಒಂದು ಬೀಜ ಮಾತ್ರ. ಅದನ್ನು ಗುಮ್ಮಟದ ಹಿರಿಯನಿಗೆ ಕೊಡುತ್ತಾರೆ. ಜಾತ್ರೆಯಲ್ಲಿ ತಮಾಷೆಗೆ ತಿಂದ ಬುತ್ತಿಯ ಬೆಲೆ ಏನೆಂದು ನನಗೆ ಅರ್ಥವಾದದ್ದು ಇಲ್ಲಿ, ಕೋರ್ಟಿನಲ್ಲಲ್ಲ.

ಅಲ್ಲಿ ಅವರು ಹಳೆಯ ದಾಖಲೆಯೊಂದನ್ನು ನೋಡುತ್ತಾರೆ. 1999ರಲ್ಲಿ ಲಾವೋಸ್ ಎಂಬ ದೈತ್ಯ ಜೀವಿ ಭೂಮಿಯೊಳಗಿಂದ ಎದ್ದು ಎಲ್ಲವನ್ನೂ ಸುಟ್ಟ ದೃಶ್ಯ. ಇದನ್ನು ತಪ್ಪಿಸಬೇಕು ಎಂದು ಹಟ ಹಿಡಿಯುವವಳು ಮಾರ್ಲ್. ಅವರ ಕಾಲದಿಂದ ಆ ದಿನಕ್ಕೆ 999 ವರ್ಷ ಇದೆ. ಇವರ ಮೊಮ್ಮಕ್ಕಳಿಗೂ ಅದು ತಟ್ಟುವುದಿಲ್ಲ. ಅವಳ ಸ್ವಂತ ಅರಮನೆ ಗೆಳೆಯನಿಗೆ ಅನ್ಯಾಯ ಮಾಡಿ ಇನ್ನೂ ಒಂದು ದಿನವೂ ಕಳೆದಿಲ್ಲ. ಅಲ್ಲಿ ಸಾಕ್ಷಿಗಳಿಲ್ಲ, ತೀರ್ಪುಗಾರರಿಲ್ಲ, ಬಹುಮಾನದ ಮಾತೂ ಇಲ್ಲ. ಆದರೂ ಮೂವರೂ ಒಪ್ಪುತ್ತಾರೆ. ನನ್ನ ಸಹಪಾಠಿಯ ಪ್ರಶ್ನೆಗೆ ಆಟ ಕೊಡುವ ಉತ್ತರ ಇದು.

ಉಪನ್ಯಾಸಕರಿಗೆ ನನ್ನ ವಿನಂತಿ ದೊಡ್ಡದೇನಲ್ಲ. ಎಲ್ಲರೂ ಈ ಆಟ ಆಡಲಿ ಎಂದು ನಾನು ಹೇಳುತ್ತಿಲ್ಲ. ಪೂರ್ತಿ ಮುಗಿಸಲು ಹಲವಾರು ಗಂಟೆ ಬೇಕು, ಪರೀಕ್ಷೆ ಹತ್ತಿರವಿರುವಾಗ ಅದು ಖಂಡಿತ ಬೇಡ. ಹೊತ್ತು ಹಾಳುಮಾಡುವ ಆಟಗಳು ಇವೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಎಷ್ಟು ಹೊತ್ತು ಆಡಿದೆ ಎಂದು ಕೇಳುವ ಜೊತೆಗೆ, ಅದರಲ್ಲಿ ಏನು ನಡೆಯಿತು ಎಂದೂ ಒಮ್ಮೆ ಕೇಳಿ. ಸಾಹಿತ್ಯ ಸಂಘದ ಒಂದು ಶನಿವಾರದ ಚರ್ಚೆಗೆ ಗಾರ್ಡಿಯಾದ ವಿಚಾರಣೆಯನ್ನು ಇಟ್ಟರೆ, ಕಥೆ ಹೇಳಲು ನಾನು ಸಿದ್ಧ.

ಗೆಳೆಯರಿಗೆ ಹೇಳುವುದು ಇನ್ನೂ ಚಿಕ್ಕದು. ಮುಂದಿನ ಸಲ ಯಾರದಾದರೂ ಹತ್ತು ಸೆಕೆಂಡಿನ ವಿಡಿಯೋ ನಿಮ್ಮ ಮೊಬೈಲಿಗೆ ಬಂದಾಗ, ಮುಂದಕ್ಕೆ ಕಳಿಸುವ ಮೊದಲು ಅದರಲ್ಲಿರುವವನನ್ನೇ ಹುಡುಕಿ ಕೇಳಿ: ಏನಾಯ್ತು? ಹೆಚ್ಚೆಂದರೆ ಎರಡು ಮೆಟ್ಟಿಲುಸಾಲು ಹತ್ತಬೇಕಾದೀತು.

(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ)